ಭಾವನ ರಿವಾಲ್ವರುಗಳು, ಭಾವನ ಇಸವಿಗಳು

1980ನೇ ಇಸವಿ ಮಾರ್ಚ್ 14, ಶುಕ್ರವಾರ. ಆಧಾರ: ನನ್ನ ಆ ವರ್ಷದ ದಿನಚರಿ. ಪೋಷಕ ಸಾಕ್ಷ್ಯ: ಪಾಸ್‌ಪೋರ್ಟಿನ ಒಂಬತ್ತನೆಯ ಪುಟದಲ್ಲಿ ಬಿದ್ದಿರುವ ಬಹರೈನಿನ ಮೊಹರು. ಎರಡೂ ತಾಳೆಯಾಗುತ್ತವೆ. ಆದ್ದರಿಂದ, ಆ ದ್ವೀಪದಲ್ಲಿ ಅಂದು ವಾಸವಾಗಿದ್ದ ಸಮಸ್ತ ಜನರ ಪೈಕಿ ಇತಿಹಾಸಕ್ಕೆ ಅತಿ ಹೆಚ್ಚು ಅನ್ಯಾಯ ಮಾಡುತ್ತಿದ್ದ ವ್ಯಕ್ತಿ ನನ್ನ ಹೆಂಡತಿಯ ಅಣ್ಣನೇ ಎಂಬ ಸತ್ಯ ನನಗೆ ಮೊದಲು ಹೊಳೆದದ್ದು ಆ ದಿನವೇ ಎಂದು ನಿಸ್ಸಂದೇಹವಾಗಿ ಹೇಳಬಲ್ಲೆ.

ನಾನು ಶಾಸನಗಳ ಕಾಲನಿರ್ಣಯ ಮಾಡಿ ಬದುಕಿದವನು. ಕಲ್ಲಿನ ಮೇಲೆ ಅರ್ಧ ಅಳಿಸಿದ ತಿಥಿ, ವಾರ, ನಕ್ಷತ್ರಗಳನ್ನು ಓದಿ, ಪಂಚಾಂಗದೊಡನೆ ತಾಳೆ ನೋಡಿ, ಇದು ಇಂಥ ವರ್ಷದ ಇಂಥ ದಿನ ಎಂದು ಹೇಳುವುದು ನನ್ನ ವೃತ್ತಿ. ಒಂದು ವರ್ಷ ಹೆಚ್ಚುಕಡಿಮೆಯಾದರೆ ನನಗೆ ಅನ್ನ ಇಳಿಯುವುದಿಲ್ಲ. ಅಂಥವನಿಗೆ ದೇವರು ಅಂಥ ಭಾವನನ್ನು ಕೊಟ್ಟ!

ನಮ್ಮ ಕರಾವಳಿಯಲ್ಲಿ ಹೆಂಡತಿಯ ಅಣ್ಣನೂ ಭಾವ, ತಂಗಿಯ ಗಂಡನೂ ಭಾವ. ಗೊಂದಲವಾಗದಿರಲೆಂದು ನಾನು ಅವರನ್ನು ಭಾವ ಎಂದೂ, ಅವರು ನನ್ನನ್ನು ಭಾವಯ್ಯ ಎಂದೂ ಕರೆಯುವ ಒಪ್ಪಂದ ಮದುವೆಯ ದಿನವೇ ಆಗಿತ್ತು. ಬಹರೈನಿನ ಸನದ್ ಎಂಬ ಊರಲ್ಲಿ ಅವರದೊಂದು ಲೇತ್ ವರ್ಕ್‌ಶಾಪ್. ಮನೆ ರಾಜಧಾನಿ ಮನಾಮದ ಗುಫೂಲ್ ಬಡಾವಣೆಯ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ. ನನ್ನ ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಊರಿನಲ್ಲಿ ನಾನು ಕಡತಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ್ದೆ. ಊಟ ಅಷ್ಟಕ್ಕಷ್ಟೆ, ಮಾತು ಅದಕ್ಕಿಂತ ಕಡಿಮೆ. ಇದು ನನ್ನ ಖಾಸಗಿ ವಿಷಯ, ಈ ಪ್ರಬಂಧಕ್ಕೆ ಸಂಬಂಧಿಸಿದ್ದಲ್ಲ. “ಎರಡು ತಿಂಗಳು ಇಲ್ಲಿ ಬಂದು ಕೂತುಕೊಳ್ಳಿ” ಎಂದು ಭಾವ ವೀಸಾ ಕಳಿಸಿದರು. ಹೋದೆ.

ವಿಮಾನ ನಿಲ್ದಾಣಕ್ಕೆ ಬಂದಿದ್ದರು. ಸತ್ತವಳು ಅವರ ಒಬ್ಬಳೇ ತಂಗಿ. ಅವಳ ಸಾವಿನ ನಂತರ ನಾವಿಬ್ಬರೂ ಮುಖ ನೋಡುತ್ತಿರುವುದು ಅದೇ ಮೊದಲು. ಇಂಥ ಸಂದರ್ಭದಲ್ಲಿ ಮನುಷ್ಯರಾದವರು ಏನು ಮಾಡುತ್ತಾರೆ? ಒಂದು ನಿಟ್ಟುಸಿರು? ಹೆಗಲ ಮೇಲೊಂದು ಕೈ? ಭಾವ ನನ್ನ ಪೆಟ್ಟಿಗೆಯನ್ನು ಕಾರಿನ ಹಿಂದಕ್ಕೆ ಎತ್ತಿ ಹಾಕಿ ಕೇಳಿದ್ದು ಇದು:

“ಭಾವಯ್ಯ, ಈ ಅಮೆರಿಕದವರು ಚಿನ್ನ ಹುಡುಕಲಿಕ್ಕೆ ಓಡಿದ್ದು ಯಾವ ಇಸವಿ?”

“1849,” ಎಂದೆ. (ಚಿನ್ನ ಕಂಡದ್ದು 1848ರ ಜನವರಿಯಲ್ಲಿ. ಜನ ಮುಗಿಬಿದ್ದದ್ದು ಮರುವರ್ಷ.)

“ಹಾಂ! ಆಗ ಅವರ ಸೊಂಟದಲ್ಲಿ ಇದ್ದ ರಿವಾಲ್ವರ್ ನನ್ನ ಹತ್ರ ಉಂಟು!”

ದಾರಿಯುದ್ದಕ್ಕೂ ರಿವಾಲ್ವರ್. ಮುಹರ್ರಕ್ ಸೇತುವೆ ದಾಟಿದರೂ ರಿವಾಲ್ವರ್. ಮನೆಯ ಮೆಟ್ಟಿಲು ಹತ್ತುವಾಗಲೂ ರಿವಾಲ್ವರ್. ತಂಗಿಯ ಬಗ್ಗೆ ಒಂದಕ್ಷರವಿಲ್ಲ! ಆ ದಿನದ ದಿನಚರಿಯಲ್ಲಿ ನಾನು ಬರೆದಿರುವುದು ಒಂದೇ ಸಾಲು: “ಇವನಿಗೆ ಹೃದಯವಿಲ್ಲ.” ಭಾವನನ್ನು ನಾನು ಏಕವಚನದಲ್ಲಿ ದಾಖಲಿಸಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಇನ್ನು, ಆ ಸಂಗ್ರಹದ ಸಂಗತಿ. ಅದರಲ್ಲಿ ಇದ್ದದ್ದು ಮೂರೇ ರಿವಾಲ್ವರುಗಳು. ಮೂರನ್ನೂ ಭಾವನಿಗೆ ಕೊಟ್ಟವರು ಅಮೆರಿಕದ ಒಬ್ಬ ಎಂಜಿನಿಯರು. ದನ ಕಾಯುವವರೂ ದರೋಡೆಕೋರರೂ ಕುದುರೆ ಏರಿ ಪಡುವಣ ಸೀಮೆಯಲ್ಲಿ ತಿರುಗುತ್ತಿದ್ದ ಕಾಲದ ಆಯುಧಗಳು. ಹಿಂದೆ ಭಾವ ಆ ಎಂಜಿನಿಯರರ ಕೈಕೆಳಗೆ ಕೆಲಸ ಮಾಡಿದ್ದರು. ಒಂದು ರಿವಾಲ್ವರಿನ ಮುರಿದ ಸ್ಪ್ರಿಂಗಿಗೆ ಬದಲಿಯನ್ನು ಲೇತಿನ ಪಕ್ಕದಲ್ಲಿ ಕೂತು ಕೈಯಿಂದಲೇ ಮಾಡಿಕೊಟ್ಟಿದ್ದರು. ಆ ಸಂತೋಷಕ್ಕೆ ಅವರು ದೇಶ ಬಿಡುವಾಗ ಇವನ್ನು ಕೊಟ್ಟರಂತೆ. ನಳಿಗೆಗಳಿಗೆ ಸೀಸ ಹೊಯ್ದು ಮುಚ್ಚಿತ್ತು, ಇರುವೆಯನ್ನೂ ಕೊಲ್ಲಲಾರವು. ಆದರೂ ಕೂಲಿ ಮಾಡಲು ಬಂದ ಪರದೇಶಿಯೊಬ್ಬ ಮನೆಯಲ್ಲಿ ರಿವಾಲ್ವರ್ ಇಟ್ಟುಕೊಳ್ಳುವುದುಂಟೇ?

ಪರಿಹಾರ ಸುಲಭವಾಗಿತ್ತು. ವರ್ಕ್‌ಶಾಪಿನ ಪರವಾನಗಿ ಯಾರ ಹೆಸರಲ್ಲಿ? ಅರ್ಬಾಬರ ಹೆಸರಲ್ಲಿ. ಅರ್ಬಾಬ್ ಎಂದರೆ ಭಾವನ ವೀಸಾಕ್ಕೆ ಹೊಣೆ ನಿಂತ ಅಲ್ಲಿನ ಯಜಮಾನರು. ಬೋರ್ಡು ಅವರದು, ಟೆಲಿಫೋನು ಅವರದು, ಪಿಕಪ್ ಅವರದು. ರಿವಾಲ್ವರುಗಳೂ ಅವರವೇ ಆದವು! ಕಾಗದಪತ್ರ ಅವರೇ ಮಾಡಿಸಿ, ತಮ್ಮ ಮಜ್ಲಿಸಿನಲ್ಲಿ, ಅಂದರೆ ಅತಿಥಿಗಳು ಕೂರುವ ಹೊರಚಾವಡಿಯಲ್ಲಿ, ಕಾವಾ ಎಂಬ ಅರಬ್ಬಿ ಕಾಫಿಯ ಹೂಜಿಗಳ ಪಕ್ಕ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಭಾವ ಶುಕ್ರವಾರ ಶುಕ್ರವಾರ ಎಣ್ಣೆ, ಬಟ್ಟೆ ಹಿಡಿದು ಅಲ್ಲಿಗೆ ಹೋಗಿ ಒರೆಸಿ ಬರುತ್ತಿದ್ದರು. ಒಂದು ವಸ್ತುವೂ ತನ್ನದಲ್ಲದ ಸಂಗ್ರಹಕ್ಕೆ ಸಂಗ್ರಾಹಕ! ಪ್ರಪಂಚದಲ್ಲಿ ಇಂಥ ಇನ್ನೊಬ್ಬರಿದ್ದರೆ ಯಾರಾದರೂ ನನಗೆ ಆಧಾರಸಹಿತ ತಿಳಿಸಬೇಕು.

ನಾನು ಬಂದ ಎರಡನೆಯ ಶುಕ್ರವಾರ ನನ್ನನ್ನೂ ಎಳೆದುಕೊಂಡು ಹೋದರು. ಪೆಟ್ಟಿಗೆ ತೆರೆದು, 1849ರದು ಎಂದು ಹೇಳಿದ್ದ ಆ ರಿವಾಲ್ವರನ್ನು ಎರಡೂ ಕೈಯಲ್ಲಿ ತೀರ್ಥದಂತೆ ನನ್ನ ಅಂಗೈಗೆ ಇಟ್ಟರು. ತಿರುಗಿಸಿ ನೋಡಿದೆ. ಮೈಮೇಲೇ ಪೇಟೆಂಟಿನ ದಿನಾಂಕ ಅಚ್ಚೊತ್ತಿದೆ: 1871!

“ಭಾವ, ಇಲ್ಲಿ 1871 ಎಂದಿದೆ.”

“ಉಂಟಾ?”

“ಹುಟ್ಟುವ ಇಪ್ಪತ್ತೆರಡು ವರ್ಷ ಮೊದಲೇ ಇದು ಚಿನ್ನ ಹುಡುಕಲು ಹೋಯಿತೇ?”

“ಹೋಗಿರಬಹುದು ಭಾವಯ್ಯ. ಅಮೆರಿಕದವರ ವಿಷಯ ಹೇಳ್ಲಿಕ್ಕಾಗುದಿಲ್ಲ.”

ಓದುಗರೇ, ಈ ಮನುಷ್ಯ ಮೈಕ್ರೋಮೀಟರ್ ಹಿಡಿದು ಇಂಚಿನ ಸಾವಿರದ ಒಂದು ಪಾಲನ್ನು ಕನ್ನಡಕವಿಲ್ಲದೆ ಓದುತ್ತಿದ್ದವರು! ಅಂಥ ಕಣ್ಣಿಗೆ ರಿವಾಲ್ವರಿನ ಮೈಮೇಲಿನ ನಾಲ್ಕು ಅಂಕಿ ಕಾಣಿಸಲಿಲ್ಲವೇ? ರಾತ್ರಿಯೆಲ್ಲ ನನ್ನ ಮೈ ಉರಿಯಿತು. ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲೇ ಮನಾಮದ ಗ್ರಂಥಾಲಯಕ್ಕೆ ನಡೆದೇ ಹೋದೆ. ಎಂಟು ತಿಂಗಳಲ್ಲಿ ನಾನಾಗಿಯೇ ಹೊಸ್ತಿಲು ದಾಟಿದ್ದು ಅದೇ ಮೊದಲು. ಮಧ್ಯಾಹ್ನದವರೆಗೆ ವಿಶ್ವಕೋಶಗಳನ್ನು ಜಾಲಾಡಿ ಆರು ಪುಟ ಟಿಪ್ಪಣಿ ಮಾಡಿದೆ. ಆ ಮಾದರಿ ಬಂದದ್ದು 1873ರಲ್ಲಿ. ಪೇಟೆಂಟಿನ ದಿನಾಂಕವೇ ತಯಾರಿಕೆಯ ದಿನಾಂಕವಲ್ಲ ಎಂಬುದನ್ನೂ ಅಡಿ ಗೆರೆ ಎಳೆದು ಬರೆದುಕೊಂಡು ಬಂದು ಊಟಕ್ಕೆ ಕೂತಾಗ ಭಾವನ ಮುಂದೆ ಓದಿದೆ.

“ಪುಸ್ತಕ ಬರ್ದವರಿಗೆ ಎಂತ ಗೊತ್ತು ಮಾರಾಯ್ರೇ? ಅವರೇನು ಕುದುರೆ ಮೇಲೆ ಹೋಗಿದ್ರಾ?” ಎಂದರು ಭಾವ, ಮೀನಿನ ಮುಳ್ಳು ಬಿಡಿಸುತ್ತ.

ನಾನು ಎದ್ದು ನಿಂತೆ. ಅತ್ತಿಗೆ, ಅಂದರೆ ಭಾವನ ಹೆಂಡತಿ, ಸೌಟು ಅಡ್ಡ ಹಿಡಿದರು. “ಕೂತ್ಕೊಂಡು ಜಗಳ ಮಾಡಿ. ಅನ್ನ ಆರ್ತದೆ.” ಕೂತು ಮಾಡಿದೆ. ಕೋಪದ ಭರದಲ್ಲಿ ಮೂರು ಸಲ ಅನ್ನ ಬಡಿಸಿಕೊಂಡದ್ದು ನನಗೆ ಗೊತ್ತೇ ಆಗಲಿಲ್ಲ.

ಎರಡನೆಯ ರಿವಾಲ್ವರಿನ ಪ್ರಕರಣ ಇದಕ್ಕಿಂತ ಘೋರ. ಅದು 1851ರ ಮಾದರಿ. ಗುಂಡು ತುಂಬುವ ಉರುಳೆಯ ಸುತ್ತ ಹಾಯಿಹಡಗುಗಳು ಕಾದುವ ಚಿತ್ರ ಕೊರೆದಿದೆ. ಭಾವ ಅದನ್ನು ಬೆಳಕಿಗೆ ಹಿಡಿದು, ತೀರಾ ಗಂಭೀರವಾಗಿ, “ಇದು ನಮ್ಮ ಉಳ್ಳಾಲದ ಯುದ್ಧ ಭಾವಯ್ಯ. ಪೋರ್ಚುಗೀಸರ ಹಡಗಿಗೆ ನಮ್ಮವರು ಬೆಂಕಿ ಕೊಟ್ಟದ್ದು,” ಎಂದರು!

ಉಳ್ಳಾಲ! ಹದಿನಾರನೆಯ ಶತಮಾನವೆಲ್ಲಿ, ಹತ್ತೊಂಬತ್ತನೆಯ ಶತಮಾನವೆಲ್ಲಿ? ಅಮೆರಿಕದ ಕಾರ್ಖಾನೆಯವನಿಗೆ ನಮ್ಮ ನೇತ್ರಾವತಿಯ ಅಳಿವೆ ಯಾವ ದಿಕ್ಕಿಗಿದೆ ಎಂದಾದರೂ ಗೊತ್ತಿತ್ತೇ? ಇದನ್ನು ಸುಳ್ಳೆಂದು ಸಾಧಿಸಲು ನನಗೆ ಹನ್ನೊಂದು ದಿನ ಹಿಡಿಯಿತು. ಗ್ರಂಥಾಲಯದಲ್ಲಿ ಸಿಗಲಿಲ್ಲ, ಭಾವನ ಪರಿಚಯದ ಒಬ್ಬ ಇಂಗ್ಲಿಷ್ ಮೇಷ್ಟರ ಬಳಿ ಪುಸ್ತಕವೊಂದು ಇದೆಯೆಂದು ತಿಳಿಯಿತು. ತಿಳಿಸಿದವರು ಯಾರು? ಭಾವನೇ! ಬಸ್ಸು ಹತ್ತಿ ಹೋಗಿ, ಅಪರಿಚಿತನ ಮನೆಯಲ್ಲಿ ಚಹಾ ಕುಡಿದು, ಕಂಡುಹಿಡಿದೆ: ಅದು 1843ರ ಮೇ 16ರಂದು ಟೆಕ್ಸಾಸಿನ ನೌಕೆಗಳಿಗೂ ಮೆಕ್ಸಿಕೋದ ನೌಕೆಗಳಿಗೂ ನಡೆದ ಕಾಳಗ. ವಿಜಯೋತ್ಸಾಹದಿಂದ ಬಂದು ಹೇಳಿದರೆ ಭಾವ ಏನೆಂದರು ಗೊತ್ತೇ? “ಹೌದಾ? ಹಡಗು ಮಾತ್ರ ನಮ್ಮ ಕಡೆಯ ಹಾಗೇ ಉಂಟು.”

ಎರಡು ತಿಂಗಳು ಮುಗಿಯಿತು. ನಾನು ಹೊರಡಬೇಕಿತ್ತು. ಆದರೆ ಇಷ್ಟು ಸುಳ್ಳುಗಳನ್ನು ಒಂದು ದ್ವೀಪದ ಮೇಲೆ ಅನಾಥವಾಗಿ ಬಿಟ್ಟು ಹೋಗುವುದು ಹೇಗೆ? ವೀಸಾ ಮುಂದಕ್ಕೆ ಹಾಕಿಸಿದೆ. ಭಾವ ಆಕ್ಷೇಪಿಸಲಿಲ್ಲ. ಹೊಸ ಇಸವಿಗಳನ್ನು ಹುಟ್ಟಿಸುತ್ತಲೇ ಹೋದರು.

ನವರಾತ್ರಿ ಬಂತು. ಆಯುಧಪೂಜೆಯ ದಿನ ವರ್ಕ್‌ಶಾಪಿನಲ್ಲಿ ಲೇತಿಗೂ ಡ್ರಿಲ್ಲಿಗೂ ಸ್ಪ್ಯಾನರುಗಳಿಗೂ ಕುಂಕುಮ ಹಚ್ಚಿ ಸಾಲಾಗಿ ಇಡುವುದು ಪದ್ಧತಿ. “ಎಲ್ಲಾ ಉಪಕರಣವೇ. ನಿಜವಾದ ಆಯುಧ ಒಂದಾದರೂ ಬೇಡವಾ?” ಎಂದು ಭಾವ ಅರ್ಬಾಬರನ್ನು ಕೇಳಿದರು. ಆ ಹಿರಿಯರು ದೊಡ್ಡ ಮನಸ್ಸಿನವರು. ಹಿಂದಿನ ದಿನವೇ 1851ರದನ್ನು ಮಖಮಲ್ಲಿನಲ್ಲಿ ಸುತ್ತಿ, ತಮ್ಮ ಕಾರಿನಲ್ಲಿ ತಾವೇ ತಂದು ಮನೆಗೆ ಒಪ್ಪಿಸಿ, “ಕಲ್ ಮೈ ಭೀ ಆಯೇಗಾ” ಎಂದು, ನಾಳೆ ತಾವೂ ಬರುವುದಾಗಿ ತಮ್ಮ ಹರಕು ಹಿಂದಿಯಲ್ಲಿ ಹೇಳಿ ಹೋದರು.

ಬೆಳಿಗ್ಗೆ ಭಾವ ಸ್ನಾನ ಮಾಡಿ ಬಂದು ಮಖಮಲ್ಲು ಬಿಚ್ಚಿದರು. ರಿವಾಲ್ವರು ಫಳಫಳ ಹೊಳೆಯುತ್ತಿತ್ತು! ಪೂಜೆಗೆ ಇಡುವ ಹಿತ್ತಾಳೆಯನ್ನು ಕಪ್ಪು ಹಿಡಿದಂತೆಯೇ ಇಡುವುದುಂಟೇ ಎಂದು ಅತ್ತಿಗೆ ಅದರ ಹಿತ್ತಾಳೆಯ ಭಾಗಗಳನ್ನೆಲ್ಲ ದೀಪದ ಕಂಬಗಳ ಜೊತೆಗೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ತೊಳೆದಿದ್ದರು.

ಹಳೆಯ ವಸ್ತುಗಳ ವಿಷಯ ಬಲ್ಲವರಿಗೆ ಹೇಳಬೇಕಾಗಿಲ್ಲ. ಹಿತ್ತಾಳೆಯ ಮೇಲಿನ ಆ ಕಪ್ಪು, ಕಾಲ ತಾನೇ ಕೂತು ಹಚ್ಚಿದ ಬಣ್ಣ. ಅದೇ ಅದರ ಬೆಲೆ, ಅದೇ ಅದರ ಜೀವ. ನೂರು ವರ್ಷಕ್ಕೂ ಮಿಕ್ಕಿ ಕೂತದ್ದು ಒಂದು ಮುಷ್ಟಿ ಹುಣಸೆಹಣ್ಣಿಗೆ ಹೋಯಿತು. ಭಾವನ ಬಾಯಿ ತೆರೆಯಿತು, ಮುಚ್ಚಲಿಲ್ಲ. ಅತ್ತಿಗೆ ಸೆರಗಿಗೆ ಕೈ ಒರೆಸುತ್ತ, “ಎಷ್ಟು ಚೆಂದ ಆಯ್ತಲ್ವಾ?” ಎಂದರು. ಸುತ್ತಲಿದ್ದ ದೀಪದ ಕಂಬಗಳ ನಡುವೆ ಅದೂ ಒಂದು ಸಣ್ಣ ದೀಪದಂತೆ ಮಿನುಗುತ್ತ ಮಲಗಿತ್ತು. ನನಗೆ ನಗು ಬಂತು. ತಡೆದೆ. ತಡೆಯಲಾಗಲಿಲ್ಲ. ಗೋಡೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಭಾವ ನನ್ನನ್ನು ಒಂದು ಗಳಿಗೆ ನೋಡಿದರು. ಬಾಯಿ ಮುಚ್ಚಿದರು. ರಿವಾಲ್ವರನ್ನು ಸುತ್ತಿಕೊಂಡು ವರ್ಕ್‌ಶಾಪಿಗೆ ಹೊರಟರು.

ಅಲ್ಲಿ ಅರ್ಬಾಬರು ಅದನ್ನು ನೋಡಿ “ವಲ್ಲಾ! ನಯಾ ಹೋ ಗಯಾ!” ಎಂದು ಸಂತೋಷಪಟ್ಟರು. ಮಂಗಳಾರತಿಯಾದ ಮೇಲೆ, ಮೂವತ್ತು ಮಂದಿ ಕೆಲಸಗಾರರು ಅವಲಕ್ಕಿ ತಿನ್ನುತ್ತಿರುವಾಗ, ಭಾವ ಎದ್ದು ನಿಂತು ಘೋಷಿಸಿದರು: “ಇದು 1776ರಲ್ಲಿ ಅಮೆರಿಕದವರು ಸ್ವಾತಂತ್ರ್ಯ ಯುದ್ಧಕ್ಕೆ ಹಿಡಿದ ರಿವಾಲ್ವರ್!”

ನಾನು ಅವಲಕ್ಕಿಯ ತಟ್ಟೆ ಕೆಳಗಿಟ್ಟೆ. ಆ ರಿವಾಲ್ವರ್ ಮಾಡಿದ ಕಂಪನಿಯ ಯಜಮಾನನಿಗೆ ಮೊದಲ ಅಮೆರಿಕನ್ ಪೇಟೆಂಟ್ ಸಿಕ್ಕಿದ್ದೇ 1836ರಲ್ಲಿ ಎಂಬಲ್ಲಿಂದ ತೊಡಗಿ ಒಂದು ಗಂಟೆ ಮಾತಾಡಿದೆ. ಕನ್ನಡದಲ್ಲಿ ಆರಂಭಿಸಿ, ಅರ್ಬಾಬರಿಗಾಗಿ ಹಿಂದಿಗೆ ಹೊರಳಿ, ಕೋಪ ನೆತ್ತಿಗೇರಿದಾಗ ತುಳುವಿನಲ್ಲಿ ಮುಗಿಸಿದೆ. ಜನ ಚಪ್ಪಾಳೆ ತಟ್ಟಿದರು. ಅತ್ತಿಗೆ ಮಾತ್ರ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕೇಳಿದರೆ, “ಊದುಬತ್ತಿ ಹೊಗೆ” ಎಂದರು.

ನವೆಂಬರ್ 20, ಗುರುವಾರ ಊರಿಗೆ ಹೊರಟೆ. ಆಧಾರ ಅದೇ ಪಾಸ್‌ಪೋರ್ಟು. ವಿಮಾನ ನಿಲ್ದಾಣದಲ್ಲಾದರೂ ತಂಗಿಯ ಹೆಸರು ಎತ್ತಿಯಾರು ಎಂದುಕೊಂಡಿದ್ದೆ. ಪೆಟ್ಟಿಗೆ ಕೈಗೆ ಕೊಟ್ಟು, “ಭಾವಯ್ಯ, ಆ ಮೂರನೆಯದು 1920ರದಂತೆ!” ಎಂದರು. ತೋಟೆಯ ಬದಲು ಮದ್ದನ್ನೂ ಗುಂಡನ್ನೂ ಬೇರೆಬೇರೆಯಾಗಿ ತುಂಬಿ ಹೊಡೆಯುವ ಹಳೆಯ ಕಾಲದ ರಿವಾಲ್ವರಿಗೆ 1920! ತಿರುಗಿ ನೋಡದೆ ಒಳಗೆ ನಡೆದೆ. ಊರಿಗೆ ಬಂದ ಮರುವಾರವೇ ಅಟ್ಟದಿಂದ ಕಡತಗಳನ್ನು ಇಳಿಸಿದೆ. ಇಸವಿ ಎಂದರೇನೆಂದು ಲೋಕಕ್ಕೆ ತೋರಿಸಿಯೇ ಬಿಡುತ್ತೇನೆಂಬ ಛಲ. ಆಮೇಲಿನ ನನ್ನ ಕೆಲಸವೆಲ್ಲ ಆ ಕೋಪದ್ದೇ ಫಲ ಎಂದು ಇಷ್ಟು ವರ್ಷ ನಂಬಿದ್ದೆ.

ಭಾವ ಕಳೆದ ವರ್ಷ ತೀರಿಕೊಂಡರು. ಅತ್ತಿಗೆ ಒಂದು ಪುಸ್ತಕ ಕೊಟ್ಟರು. ವರ್ಕ್‌ಶಾಪಿನ ಎಣ್ಣೆಯ ಬೆರಳಚ್ಚುಗಳಿರುವ ಉದ್ದನೆಯ ರಿಜಿಸ್ಟರು. “ನಿಮಗೆ ಕೊಡ್ಲಿಕ್ಕೆ ಹೇಳಿದ್ರು. ತಪ್ಪಿದ್ರೆ ತಿದ್ದಬೇಕಂತೆ.”

ಕೆಂಪು ಪೆನ್ಸಿಲ್ ಹಿಡಿದೇ ಕೂತೆ. ಮೊದಲ ಪುಟ: 1873ರ ಮಾದರಿ, ಪೇಟೆಂಟ್ 1871, 1872. ಎರಡನೆಯದು: 1851ರ ಮಾದರಿ, ಚಿತ್ರ, ಟೆಕ್ಸಾಸ್-ಮೆಕ್ಸಿಕೋ ಕಾಳಗ, 1843 ಮೇ 16. ಮೂರನೆಯದೂ ಸರಿ. ಒಂದು ಅಂಕಿಯೂ ತಪ್ಪಿಲ್ಲ. ಬರೆದ ದಿನಾಂಕ: 1980 ಮಾರ್ಚ್ 2. ನಾನು ಬಹರೈನಿನಲ್ಲಿ ಇಳಿಯುವ ಹನ್ನೆರಡು ದಿನ ಮೊದಲು.

ಆ ಪುಟಗಳ ಹಿಂದೆ, “ಭಾವಯ್ಯನಿಗೆ” ಎಂಬ ತಲೆಬರಹದ ಕೆಳಗೆ ಒಂದು ಪಟ್ಟಿ. 1849: ಲೈಬ್ರರಿಗೆ ನಡೆದು ಹೋದರು, ಮೂರು ಸಲ ಅನ್ನ. ಉಳ್ಳಾಲ: ಬಸ್ಸಿನಲ್ಲಿ ಒಬ್ಬರೇ ಹೋದರು, ಮೇಷ್ಟರ ಮನೆಯಲ್ಲಿ ಚಹಾ ಕುಡಿದರಂತೆ. 1776: ಹುಣಸೆಹಣ್ಣಿಗೆ ಬಣ್ಣ ಹೋಯಿತು. ನಕ್ಕರು. ಒಂದು ಗಂಟೆ ಮಾತು. ಬಣ್ಣ ಹೋದರೆ ಹೋಗಲಿ.

ಕೊನೆಯ ಸಾಲು ನವೆಂಬರ್ 20ರದು. ಅಂದು ನಾನು ತಿರುಗಿ ನೋಡಲಿಲ್ಲ ಎಂಬುದು ನನ್ನ ಸ್ಪಷ್ಟ ನೆನಪು. ಮೇಲೆ ಹಾಗೆಯೇ ಬರೆದಿದ್ದೇನೆ. ನನ್ನ ದಿನಚರಿ ಈ ವಿಷಯದಲ್ಲಿ ಮೌನವಾಗಿದೆ. ಭಾವನ ರಿಜಿಸ್ಟರು ಅದೇ ದಿನ ಬರೆದದ್ದು. ಆ ಕಾಲದಲ್ಲೇ ಬರೆದ ದಾಖಲೆಗೂ ನಂತರದ ನೆನಪಿಗೂ ವಿರೋಧ ಬಂದರೆ ದಾಖಲೆಯನ್ನೇ ನಂಬಬೇಕೆಂದು ನಾನು ಜೀವನವಿಡೀ ಇತರರಿಗೆ ಹೇಳುತ್ತ ಬಂದವನು. ಆದ್ದರಿಂದ ಅದನ್ನು ತಿದ್ದದೆ, ಇದ್ದಂತೆಯೇ ಕೊಡುತ್ತೇನೆ:

“1920 ಎಂದೆ. ಗೇಟಿನ ಹತ್ತಿರ ತಿರುಗಿ ನೋಡಿದರು. ತಂಗಿ ಹೇಳುತ್ತಿದ್ದದ್ದು ಸರಿ. ಸಿಟ್ಟು ಬಂದಾಗಲೇ ಇವರು ಚೆಂದ.”