ಮೂರು ತುಂಡಿನ ಕರ್ನಲ್

ರೇವತಿ: ಅಂಥಾ ಮನುಷ್ಯನ್ನ ಕಳ್ಳ ಅಂತೀರಲ್ಲಾ ನೌರೀನ್, ನಾಲಿಗೆಯಾದ್ರೂ ಹೇಗೆ ಹೊರಳುತ್ತೆ ನಿಮಗೆ?

ನೌರೀನ್: ಕಳ್ಳ ಅಂದಿದ್ದು ಮರ್ಯಾದೆಗೆ ರೀ. ಮನಸ್ಸಲ್ಲಿ ಇರೋದನ್ನ ಅಂದಿದ್ರೆ ನಿಮ್ಮ ಕೈಲಿರೋ ಟೀ ಒಡೆದುಹೋಗ್ತಿತ್ತು.

ರೇವತಿ: ಇಡೀ ದಂಡಿಗೆ ನಲ್ಲಿ ನೀರು ತಂದ ಪುಣ್ಯಾತ್ಮ ಅವನು!

ನೌರೀನ್: ಇಡೀ ದಂಡಿನ ಬಾವಿ ಮುಚ್ಚಿಸಿದ ಪಾಪಿ ಅವನು!

ಜಗಳಕ್ಕೆ ಕಾರಣನಾದ ಕರ್ನಲ್ ಬಾರ್ಟ್ಲಿ ತೀರಿಕೊಂಡು ನೂರು ವರ್ಷದ ಮೇಲಾಗಿತ್ತು. ಯಾರು ಗೆದ್ದರೂ ಅವನಿಗೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಹೋಗುವುದೇನಿದ್ದರೂ ರೇವತಿಯ ಮಗಳು ಇಂಚರಾಳ ಮಾರ್ಕು. ಒಂಬತ್ತನೇ ಕ್ಲಾಸಿನ ಹಿಸ್ಟರಿ ಮಿಸ್ಸು ಈ ಸಲ ಚಾರ್ಟು ಬೇಡ, ಥರ್ಮಾಕೋಲು ಬೇಡ, ದಂಡಿನ, ಅಂದರೆ ಕಂಟೋನ್ಮೆಂಟಿನ, ನೀರಿನ ಬಗ್ಗೆ ಒಂದು ಸಾಕ್ಷ್ಯಚಿತ್ರ ಕೊಡ್ತೀನಿ, ಗುಂಪಾಗಿ ನೋಡಿ, ಅದರಿಂದ ಒಂದು ಪ್ರಶ್ನೆ ಹುಟ್ಟಿಸಿಕೊಂಡು ಸಂಶೋಧನೆ ಮಾಡಿ ಎಂದುಬಿಟ್ಟಿದ್ದರು. ಸಂಶೋಧನೆ ಎಂದ ಕೂಡಲೇ ರೇವತಿಯ ಎದೆ ಹೊಡೆದುಕೊಳ್ಳಲು ಶುರುವಾಯಿತು. ಗುಂಪಿಗೆಲ್ಲ ಒಂದೇ ಮಾರ್ಕು ಎಂದಾಗ ಬಾಯಿಗೇ ಬಂತು. ಸೋಮವಾರ ಒಪ್ಪಿಸಬೇಕು, ಇವತ್ತು ಶನಿವಾರ. ಅದಕ್ಕೇ ಕೆ.ಆರ್. ಪುರದಿಂದ ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕನ್ನು ಈಜಿಕೊಂಡು, ಇಂಚರಾಳ ಗುಂಪಿನ, ನೌರೀನಳ ಮಗಳು ಅಲಿಯಾಳ ಮನೆಗೆ, ಫ್ರೇಜರ್ ಟೌನಿಗೆ ರೇವತಿ ಮಗಳನ್ನು ಕರೆದುಕೊಂಡು ಬಂದಿದ್ದಳು. ಹುಡುಗಿಯರಿಬ್ಬರೂ ರೂಮಿನ ಬಾಗಿಲು ಹಾಕಿಕೊಂಡು ಒಳಗಿದ್ದರು. ಸಂಶೋಧನೆಯನ್ನು ಹಾಲಿನಲ್ಲಿ ಅಮ್ಮಂದಿರು ನಡೆಸುತ್ತಿದ್ದರು. ಬಿಸ್ಕತ್ತಿನ ಡಬ್ಬಕ್ಕೆ ಒರಗಿಸಿದ್ದ ಅಲಿಯಾಳ ಫೋನು ಇವರನ್ನೇ ನೋಡುತ್ತಾ ನಿಂತಿತ್ತು. ಚಾರ್ಜಿಗಿಟ್ಟಿರಬೇಕು ಎಂದುಕೊಂಡಳು ರೇವತಿ.

ರೇವತಿ: ನಿಜ ಹೇಳಿ, ಮಕ್ಕಳು ಕಳಿಸಿದ ಸಿನಿಮಾನ ಅಡುಗೆ ಮಾಡ್ತಾ ನೋಡಿದ್ರಾ?

ನೌರೀನ್: ಗ್ಯಾಸ್ ಆಫ್ ಮಾಡಿ ನೋಡಿದೀನಿ. ನೀವೋ, ಡಬಲ್ ಸ್ಪೀಡಲ್ಲಿ ಓಡಿಸಿಬಿಟ್ರಾ?

ರೇವತಿ: ನಾನಾ? ಎರಡೆರಡು ಸಲ ನೋಡಿದೀನಿ! ಪಿಟೀಲು ಬಂದಾಗ ಎರಡು ಸಲಾನೂ ಅತ್ತಿದೀನಿ.

ನೌರೀನ್: ಯಾವ ಪಿಟೀಲು? ಅವನು ಬಂದಾಗೆಲ್ಲ ತಮಟೆ ರೀ! ಢಂ ಢಂ ಅಂತ, ಹುಲಿ ಬಂದ ಹಾಗೆ.

ರೇವತಿ: ಬಿಸಿಲಲ್ಲಿ ನಿಂತಿದ್ದ ಮಗು ತಲೆ ಸವರಿದ್ದು ನೋಡಿಲ್ವಾ?

ನೌರೀನ್: ಬಾಜಾರಿನ ಮುದುಕಿಯ ಬಿಂದಿಗೇನ ಅವನು ಒದ್ದಿದ್ದು ನೋಡಿದೆ.

ರೇವತಿ: ಒದೆಯೋದಾ? ಆ ಮುಖಕ್ಕೆ ಒದೆಯೋಕ್ಕೇ ಬರಲ್ಲ!

ನೌರೀನ್: ಮುಖದಿಂದ ಯಾರು ಒದೀತಾರೆ ರೇವತಿ? ಬೂಟು ಹಾಕ್ಕೊಂಡಿದ್ದ.

ರೇವತಿಗೆ ಅನುಮಾನ ಬಂತು. ಈ ನೌರೀನ್ ಬೇರೆ ಯಾವುದೋ ಸಿನಿಮಾ ನೋಡಿ ಕೂತಿರಬೇಕು. ಹೀಗೇ ಆಗುವುದು, ಗುಂಪು ಎಂದರೆ ನಾಲ್ಕು ಜನ ಎಳೆಯುವ ತೇರಲ್ಲ, ಒಬ್ಬಳು ಎಳೆದು ಮಿಕ್ಕವರು ಕೂರುವ ಗಾಡಿ.

ರೇವತಿ: ತಾಳಿ, ತಾಳಿ. ನೀವು ನೋಡಿದವನಿಗೆ ಮೀಸೆ ಇತ್ತಾ?

ನೌರೀನ್: ಇತ್ತು. ತೆಂಗಿನ ಪೊರಕೆ ಥರ.

ರೇವತಿ: ನನ್ನವನ ಮೀಸೆ ಎಷ್ಟು ನೀಟಾಗಿತ್ತು!

“ಯಾರದು, ನಿನ್ನವನು?”

ಬಾಗಿಲಲ್ಲಿ ರೇವತಿಯ ಗಂಡ ಆದಿನಾರಾಯಣ ನಿಂತಿದ್ದ. ಕಾರಿಗೆ ಜಾಗ ಹುಡುಕಲು ಹೋದವನು ಫ್ರೇಜರ್ ಟೌನಿಗೆ ಪ್ರದಕ್ಷಿಣೆ ಹಾಕಿ ಈಗ ಬಂದಿದ್ದ.

ನೌರೀನ್: ಬನ್ನಿ ಅಣ್ಣ, ಕೂತ್ಕೊಳ್ಳಿ. ನಿಮ್ಮ ಹೆಂಡತಿ ಒಬ್ಬ ಸತ್ತುಹೋದ ಮಿಲಿಟರಿ ಆಫೀಸರನ್ನ ಹಚ್ಕೊಂಡುಬಿಟ್ಟಿದಾರೆ.

ರೇವತಿ: ರೀ, ನೀವೂ ನೋಡಿದ್ರಲ್ಲಾ, ನೀವೇ ಹೇಳಿ. ಕರ್ನಲ್ ಬಾರ್ಟ್ಲಿ ಒಳ್ಳೆಯವನೋ ಕೆಟ್ಟವನೋ?

ಆದಿನಾರಾಯಣ: ಯಾವ ಕರ್ನಲ್ಲು?

ರೇವತಿ: ನೀರು ತಂದವನು!

ಆದಿನಾರಾಯಣ: ನನ್ನ ಸಿನಿಮಾದಲ್ಲಿ ಯಾರೂ ನೀರು ತರಲಿಲ್ಲಪ್ಪ. ಕುದುರೆಗಳು ನೀರು ಕುಡಿದ್ವು, ಅಷ್ಟೇ. ಒಂದು ಕುಡೀತು, ಇನ್ನೊಂದು ಬಂತು, ಅದೂ ಕುಡೀತು. ಮುಗೀತು.

ನೌರೀನ್: ಯಾ ಅಲ್ಲಾ, ಇದು ಮೂರನೇ ಸಿನಿಮಾ!

ಆದಿನಾರಾಯಣ: ಸಿನಿಮಾ ಒಂದೇ. “ಅಪ್ಪಾ, ಮಧ್ಯದ ಭಾಗ ನಿಂದು” ಅಂತ ಇಂಚರಾ ಅಷ್ಟೇ ಕಳಿಸಿದ್ಲು.

ರೇವತಿಯ ಕೈಲಿದ್ದ ಬಿಸ್ಕತ್ತು ಟೀಯೊಳಗೆ ಮುಳುಗಿತು. ಅವಳು ಎತ್ತಲಿಲ್ಲ.

ರೇವತಿ: ನನಗೆ... ಮೊದಲ ಭಾಗ ಮಾತ್ರ ಕಳಿಸಿ, ಮಿಕ್ಕಿದ್ದನ್ನ ಬೇರೆಯವರು ನೋಡ್ತಾರೆ ಅಂದ್ಲು.

ನೌರೀನ್: ನನಗೆ ಕೊನೇದು. “ಅಮ್ಮಿ, ಇಷ್ಟು ನೋಡಿದ್ರೆ ಸಾಕು” ಅಂದ್ಲು ನಮ್ಮ ಮಹಾರಾಣಿ. ನಾನೂ ಎಷ್ಟು ಪ್ರೀತಿ ನನ್ನ ಮೇಲೆ ಅಂದ್ಕೊಂಡೆ.

ರೇವತಿ: ಹಾಗಾದ್ರೆ ಪೂರ್ತಿ ನೋಡಿದವರು ಯಾರು?

ಮೂವರೂ ಮುಚ್ಚಿದ ಬಾಗಿಲನ್ನು ನೋಡಿದರು.

ರೇವತಿ: ಮುಗೀತು. ನಮ್ಮ ಕೈಲಿ ನೋಡಿಸಿ ಇವರು ಒಳಗೆ ರೀಲ್ಸ್ ನೋಡ್ತಿದಾರೆ. ಮುಂದಿನ ವರ್ಷ ಟೆನ್ತು!

ಆದಿನಾರಾಯಣ: ಯಾಕೆ ಗಾಬರಿ? ಮೂರನ್ನೂ ಸೇರಿಸಿ ಬರೆದುಬಿಡೋಣ. ಕರ್ನಲ್ ಒಳ್ಳೆಯವನಾಗಿದ್ದ. ಕುದುರೆಗಳು ನೀರು ಕುಡಿದ್ವು. ಆಮೇಲೆ ಕರ್ನಲ್ ಕೆಟ್ಟುಹೋದ.

ನೌರೀನ್: ಕುದುರೆಗಳು ಅಷ್ಟೊಂದು ಏನು ಮಾಡಿದ್ವೋ ಪಾಪ ಅವನಿಗೆ!

ಆದಿನಾರಾಯಣ: ನಗಬೇಡಿ. ಅವನ ಕಷ್ಟಾನೂ ಯೋಚಿಸಿ. ನೀರು ಕಮ್ಮಿ ಇದ್ದಾಗ ಯಾರಿಗಾದ್ರೂ ಮೊದಲು ಬಿಡಲೇಬೇಕಲ್ಲ. ಆಡಳಿತ ಅಂದ್ರೆ ಹಾಗೇನೇ.

ರೇವತಿ: ಹೌದು. ನಮ್ಮ ಅಪಾರ್ಟ್‌ಮೆಂಟಲ್ಲೂ ಟ್ಯಾಂಕರ್ ಬಂದ್ರೆ ಮೊದಲು ಎ ಬ್ಲಾಕಿಗೆ. ಅಸೋಸಿಯೇಷನ್ ಸೆಕ್ರೆಟರಿ ಮನೆ ಎ ಬ್ಲಾಕಲ್ಲೇ ಇರೋದು ದೇವರ ಇಚ್ಛೆ.

ನೌರೀನ್: ಸೆಕ್ರೆಟರಿ ಯಾರು?

ರೇವತಿ ಗಂಡನ ಕಡೆ ಗದ್ದ ಎತ್ತಿ ತೋರಿಸಿದಳು.

ನೌರೀನ್: ಅರೆ! ಮೀಸೆ ಒಂದು ಬಿಟ್ರೆ ಥೇಟ್ ಕರ್ನಲ್ಲೇ.

ಆದಿನಾರಾಯಣ ಬಾಯೊರೆಸಿಕೊಳ್ಳುವ ನೆಪದಲ್ಲಿ ಮೇಲ್ತುಟಿಯನ್ನು ಕರವಸ್ತ್ರದಿಂದ ಮುಚ್ಚಿಕೊಂಡ. ರೇವತಿಗೆ ನಗಲು ಪುರುಸೊತ್ತಿರಲಿಲ್ಲ. ಎದ್ದವಳೇ ಹೋಗಿ ರೂಮಿನ ಬಾಗಿಲು ತಟ್ಟಿದಳು, ತೆಗೆಯಲಿಲ್ಲ. ಬಡಿದಳು, ತೆಗೆಯಲಿಲ್ಲ. ಕೊನೆಗೆ ಕಾಲಲ್ಲೇ ಒಂದು ಕೊಟ್ಟಳು. ಬಾಗಿಲು ತೆರೆದು ಅಲಿಯಾ ಬಂದಳು. ಇವರನ್ನು ದಾಟಿ ಸೀದಾ ಬಿಸ್ಕತ್ತಿನ ಡಬ್ಬದ ಹತ್ತಿರ ಹೋಗಿ ಫೋನು ಎತ್ತಿಕೊಂಡಳು. ಹಿಂದೆಯೇ ಇಂಚರಾ.

ಇಂಚರಾ: ಅಮ್ಮಾ, ಇನ್ನು ಸ್ವಲ್ಪ ಹೊತ್ತು ಜಗಳ ಆಡಿದ್ರೆ ಚೆನ್ನಾಗಿತ್ತು. ಅಪ್ಪ ಈಗ ತಾನೇ ಕರ್ನಲ್ ಪಾರ್ಟಿಗೆ ಸೇರಿದ್ರು.

ರೇವತಿ: ನೀವಿಬ್ರೂ ಸಿನಿಮಾ ನೋಡೇ ಇಲ್ಲ ಅಲ್ವಾ? ನಿಜ ಹೇಳು!

ಇಂಚರಾ: ಮೂರು ಸಲ ನೋಡಿದೀವಿ. ಪೂರ್ತಿ ಸಿನಿಮಾಗೆ ಒಂದು ಸಲ ಪಿಟೀಲು ಹಾಕ್ಕೊಂಡು, ಒಂದು ಸಲ ತಮಟೆ ಹಾಕ್ಕೊಂಡು, ಒಂದು ಸಲ ಸೌಂಡೇ ಇಲ್ಲದೆ.

ಅಲಿಯಾ: ನಮ್ಮ ಪ್ರಶ್ನೆ ಅದೇ ಆಂಟಿ. ಒಬ್ಬನೇ ಮನುಷ್ಯನ್ನ ತುಂಡು ತುಂಡಾಗಿ ತೋರಿಸಿದ್ರೆ ನೋಡೋರು ಏನು ನಂಬ್ತಾರೆ? ಸಿನಿಮಾ ಪೂರ್ತಿ ನೋಡದೇ ಇರೋ ಮೂರು ಜನ ಬೇಕಿತ್ತು.

ನೌರೀನ್: ಮನೇಲೇ ಸಿಕ್ಕಿದ್ವಿ. ಆಟೋ ಖರ್ಚೂ ಇಲ್ಲ.

ರೇವತಿ: ಆ ಫೋನಲ್ಲಿ ನಮ್ಮ ಜಗಳಾನ ನನ್ನ ಕೇಳದೆ ರೆಕಾರ್ಡ್ ಮಾಡಿದ್ಯಾ?

ಇಂಚರಾ: ಗುರುವಾರಾನೇ ಕೇಳಿದ್ನಲ್ಲಮ್ಮ. “ಮಾರ್ಕ್ಸ್ ಬರೋ ಹಾಗಿದ್ರೆ ನನ್ನ ತಲೆ ಬೇಕಾದ್ರೂ ರೆಕಾರ್ಡ್ ಮಾಡ್ಕೋ” ಅಂದೆ ನೀನು.

ಅಂದಿದ್ದಳು. ರೇವತಿ ಸೋಫಾದಲ್ಲಿ ಕುಸಿದಳು. ಆದರೂ ಎದೆಯೊಳಗೆ ಎಲ್ಲೋ ಒಂದು ಮೂಲೆಯಲ್ಲಿ ಮಾರ್ಕಿನ ದೀಪ ಹೊತ್ತಿಕೊಂಡಿತ್ತು. ಮಗಳು ಬುದ್ಧಿವಂತೆ. ಯಾರ ಮಗಳು!

ರೇವತಿ: ಈಗ ಇದನ್ನ ಕ್ಲಾಸಲ್ಲಿ ಎಲ್ಲರ ಮುಂದೆ ಪೂರ್ತಿ ತೋರಿಸ್ತೀರಾ?

ಇಂಚರಾ: ಪೂರ್ತಿ ಯಾರು ನೋಡ್ತಾರಮ್ಮ? ಅಷ್ಟು ಟೈಮಿಲ್ಲ. ಒಂದೊಂದು ತುಂಡು ತಗೋತೀವಿ.

ರೇವತಿ: ನಂದು... ಯಾವ ತುಂಡು?

ಉತ್ತರಕ್ಕೆ ಕಾಯದೆ ರೇವತಿ ಮಗಳನ್ನು ಪಕ್ಕಕ್ಕೆಳೆದು ಕೂರಿಸಿಕೊಂಡಳು. ಕೂದಲು ಸರಿ ಮಾಡಿದಳು. ನಿಧಾನವಾಗಿ, ಅಲಿಯಾಳ ಫೋನಿನ ಕಡೆ ಒಂದು ಕಣ್ಣಿಟ್ಟು, ತಲೆ ಸವರಿದಳು.

ರೇವತಿ: ಇದನ್ನ ಹಾಕಿ. ಹಿಂದೆ ಪಿಟೀಲಿರಲಿ.

ಅಲಿಯಾ: ಸಾರಿ ಆಂಟಿ, ಆಗ್ಲೇ ಆಫ್ ಮಾಡಿಬಿಟ್ಟೆ. ಕೊನೇಗೆ ಬಂದಿರೋದು ನೀವು ಬಾಗಿಲು ಒದ್ದಿದ್ದು.

ನೌರೀನ್: ಚಿಂತೆ ಬಿಡಿ ರೇವತಿ. ಅದಕ್ಕೆ ತಮಟೇನೇ ಚೆಂದ.