ನಲವತ್ತು ಹಾಳೆ, ನೂರು ಪೊಟ್ಟಣ

ನಾಲ್ಕಕ್ಕೆ ಎದ್ದು ಒಲೆ ಹಚ್ಚುವುದು. ಮೂರು ಕೆಜಿ ಈರುಳ್ಳಿ ಹೆಚ್ಚುವುದು. ಮೆಣಸಿನಕಾಯಿಯ ಹೊಟ್ಟೆ ಸೀಳಿ ಉಪ್ಪು, ಜೀರಿಗೆ ತುಂಬುವುದು. ಕಡ್ಲೆಹಿಟ್ಟು ಜರಡಿ ಹಿಡಿದು ಕಲಸಿಡುವುದು. ಒಗ್ಗರಣೆ ಮಂಡಕ್ಕಿಗೆ ಪುಟಾಣಿ ಪುಡಿ ಮಾಡುವುದು. ಅತ್ತೆಗೆ ಬಿಸಿನೀರು, ಗಂಡನಿಗೆ ಟೀ. ಕೊನೆಗೆ ಗೋಡೆಗೊರಗಿ ಕೂತು ರದ್ದಿ ಹಾಳೆಗಳಲ್ಲಿ ನೂರು ಪೊಟ್ಟಣ ಸುತ್ತುವುದು. ಈ ಕೊನೆಯ ಕೆಲಸಕ್ಕೆ ಕಣ್ಣು ಬೇಡ, ಕೈ ಸಾಕು. ಕಣ್ಣು ಆಗ ತನ್ನ ಪಾಡಿಗೆ ನಿದ್ದೆ ಮಾಡುತ್ತಿರುತ್ತದೆ.

ಇಷ್ಟೆಲ್ಲ ಮುಗಿದ ಮೇಲೆ ಚನ್ನಗಿರಿಯಲ್ಲಿ ಸೂರ್ಯ ಹುಟ್ಟುತ್ತಾನೆ. ಬಸ್‌ಸ್ಟ್ಯಾಂಡ್ ಪಕ್ಕದ ನಮ್ಮ ಗಾಡಿಯ ಮುಂದೆ ಜನ ಸೇರಿ, "ಹಾಲಸ್ವಾಮಿ ಕೈರುಚಿ ಅಂದ್ರೆ ಹಾಲಸ್ವಾಮಿ ಕೈರುಚಿನೇ!" ಎಂದು ಬಾಯಿ ಚಪ್ಪರಿಸುತ್ತಾರೆ. ಹಾಲಸ್ವಾಮಿ ನನ್ನ ಗಂಡ. ಮೆಣಸಿನಕಾಯಿಯನ್ನು ಎಣ್ಣೆಗೆ ಬಿಡುವುದು ಅವರೇ, ತೆಗೆಯುವುದೂ ಅವರೇ. ಮಧ್ಯದ್ದನ್ನು ಎಣ್ಣೆ ನೋಡಿಕೊಳ್ಳುತ್ತದೆ.

ಇಂಥ ಮನೆಯಲ್ಲಿ ಒಂದು ದಿನ ನಾನು, ಹೊನ್ನಾಳಿಯಲ್ಲಿ ಬಿ.ಎ. ಓದಿ, ಬಿ.ಎಡ್. ಮುಗಿಸಿ, ಒಂಬತ್ತು ವರ್ಷ ಈರುಳ್ಳಿ ಹೆಚ್ಚಿದ ಶಿವಲೀಲಾ, ಸೌಟು ಎತ್ತಿ ಘೋಷಿಸಿದೆ: "ಬರೋ ಸೋಮವಾರ ಎಂಟೂವರೆಗೆ ಇಂಗ್ಲಿಷ್ ಟೀಚರ್ ಕೆಲಸಕ್ಕೆ ಡೆಮೊ ಪಾಠ ಮಾಡ್ತೀನಿ. ಆ ಕೆಲಸ ನಂದೇ!"

ಗಂಡ ಟೀ ಲೋಟದಿಂದ ತಲೆ ಎತ್ತಲಿಲ್ಲ. "ಮಾಡು, ಯಾರು ಬ್ಯಾಡ ಅಂದ್ರು? ಎಂಟೂವರೆ ಒಳಗೆ ಇಲ್ಲಿನ ಕೆಲ್ಸ ಮುಗಿತೈತಲ್ಲ."

ಶಾಲೆ ಹೊಸದು, ಖಾಸಗಿ. ಹೆಡ್‌ಮಿಸ್ ಹಜೀರಾ ಮೇಡಂ ಕೊಟ್ಟ ವಿಷಯ, ಇಂಗ್ಲಿಷಿನಲ್ಲಿ ಎಲ್ಲರೂ ಅದಲುಬದಲು ಮಾಡುವ ಕ್ರಿಯಾವಿಶೇಷಣಗಳು. ಹಾರ್ಡ್ ಅಂದರೆ ಕಷ್ಟಪಟ್ಟು. ಅದಕ್ಕೆ 'ಲಿ' ಅನ್ನೋ ಬಾಲ ಅಂಟಿಸಿದಿರೋ, ಕಷ್ಟವೆಲ್ಲ ಮಂಗಮಾಯ! ಹಾರ್ಡ್ಲಿ ಅಂದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಲೇಟ್ ಅಂದರೆ ತಡವಾಗಿ, ಲೇಟ್ಲಿ ಅಂದರೆ ಇತ್ತೀಚೆಗೆ. ಇಷ್ಟು ಪುಟ್ಟ ಬಾಲಕ್ಕೆ ಇಷ್ಟೊಂದು ಶಕ್ತಿ ಎಲ್ಲಿಂದ ಬಂತು? ಈರುಳ್ಳಿ ಹೆಚ್ಚುತ್ತ ಅದನ್ನೇ ಯೋಚಿಸಿದೆ. ಯೋಚಿಸುತ್ತ ಯೋಚಿಸುತ್ತ ಇನ್ನೊಂದು ಸಂಗತಿ ಹೊಳೆಯಿತು. ಇಂಗ್ಲಿಷ್ ವಾಕ್ಯದಲ್ಲಿ ಹಾರ್ಡ್ಲಿ ಅನ್ನೋದು ಕೆಲಸ ಹೇಳುವ ಪದದ ಮುಂದೆ ಬಂದು ನಿಲ್ಲುತ್ತದೆ. ಹಾರ್ಡ್ ಪಾಪ, ಹಿಂದೆ ಇರುತ್ತದೆ. ನಮ್ಮ ಗಾಡಿಯ ಕೆಲಸದಲ್ಲಿ ಮುಂದೆ ನಿಂತು ಹೊಗಳಿಸಿಕೊಳ್ಳುವವರು ಯಾರು, ಹಿಂದೆ ದುಡಿಯುವವರು ಯಾರು ಅಂತ ನೆನೆದು ಒಬ್ಬಳೇ ನಕ್ಕೆ. ಇಂಗ್ಲಿಷಿನವರ ಮನೆಯಲ್ಲೂ ಒಂದು ಗಾಡಿ ಇದ್ದಿರಬೇಕು!

ಪಾಠಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಲಿಲ್ಲ. ಮನೆಯಲ್ಲೇ ರಾಶಿ ಇತ್ತು. ಜಾಗ ಬಿಟ್ಟು ಹತ್ತು ವಾಕ್ಯ ಬರೆದೆ. ಒಂದನೆಯದು: 'ನನ್ನ ಅತ್ತೆ ಡ್ಯಾಶ್ ಸುಮ್ಮನೆ ಕೂರುತ್ತಾರೆ.' ಮೂರನೆಯದು: 'ನನ್ನ ಗಂಡ ಡ್ಯಾಶ್ ತಟ್ಟೆ ತೊಳೆಯುತ್ತಾರೆ.' ಏಳನೆಯದು: 'ಅವರು ಊಟಕ್ಕೆ ಡ್ಯಾಶ್ ಬರುತ್ತಾರೆ, ಅನ್ನ ಆರಿತು ಎಂದು ಬಯ್ಯುತ್ತಾರೆ.' ಹತ್ತನೆಯದು ನನ್ನ ಬಗ್ಗೆ: 'ನಾನು ಡ್ಯಾಶ್ ತಪ್ಪು ಮಾಡುತ್ತೇನೆ.' ಉತ್ತರ ಹಾರ್ಡ್ಲಿ ಅಂತ ಬೇರೆ ಹೇಳಬೇಕೆ!

ಎಲ್ಲವನ್ನೂ ಇಂಗ್ಲಿಷಿನಲ್ಲಿ, ನಲವತ್ತು ಮಕ್ಕಳಿಗೆ ನಲವತ್ತು ಹಾಳೆಯಲ್ಲಿ, ಕೈಯಾರೆ ಬರೆದೆ. ಜೆರಾಕ್ಸ್ ಮಾಡಿಸಬಾರದಿತ್ತೇ ಅಂತೀರಾ? ಅಕ್ಷರ ಮುತ್ತಿನಂಥದು ಅನ್ನೋ ಜಂಭ ಕಣ್ರೀ! ಶನಿವಾರ ಬರೆದು ಮುಗಿಸಿದವಳು ಅದನ್ನು ಇಡಲು ಮನೆಯೆಲ್ಲ ಸುತ್ತಿದೆ. ಬೀರು ಗಂಡನದು. ಟ್ರಂಕು ಅತ್ತೆಯದು. ನನಗಿದ್ದ ಜಾಗ ಅಡುಗೆಮನೆಯ ಒಂದೇ ಒಂದು ಮಣೆ. ಅದರ ಮೇಲೆ ಇಟ್ಟು ಮಲಗಿದೆ.

ಭಾನುವಾರ ಬೆಳಗ್ಗೆ ಎಂಟಕ್ಕೆ ನೋಡುತ್ತೇನೆ, ಹಾಳೆಗಳಿಲ್ಲ! ಅಷ್ಟರಲ್ಲಿ ಗಂಡನ ಫೋನು.

"ಲೇ, ಏನಾಗೈತೆ ಇವತ್ತು ಜನಕ್ಕೆ? ತಿನ್ನೋದು ಬಿಟ್ಟು ಪೊಟ್ಟಣ ಓದ್ತಾ ನಿಂತವ್ರೆ! ಒಬ್ರು ಪೆನ್ನು ಬೇರೆ ಕೇಳ್ತಾರೆ!"

ಸೆರಗು ಸಿಕ್ಕಿಸಿಕೊಂಡು ಓಡಿದೆ. ಗಾಡಿಯ ಸುತ್ತ ಜಾತ್ರೆ. ನಿವೃತ್ತ ಮೇಷ್ಟ್ರು ಕೊಟ್ರಬಸಪ್ಪನವರು ಎಣ್ಣೆ ಹತ್ತಿದ ಹಾಳೆಯನ್ನು ಬಿಸಿಲಿಗೆ ಹಿಡಿದು ನ್ಯಾಯಾಧೀಶರಂತೆ ನಿಂತಿದ್ದರು.

"ಹಾಲಸ್ವಾಮಿ, ಮೂರನೇ ಪ್ರಶ್ನೆ. ತಟ್ಟೆ ತೊಳಿತಿಯೇನಪ್ಪ ನೀನು?"

"ಯಾವ ತಟ್ಟೆ ಸಾರ್?"

"ಉತ್ತರ ಸಿಕ್ತು ಬರ್ಕೊಳ್ರಪ್ಪ! ಹಾರ್ಡ್ಲಿ!"

ಗುಂಪು ಹೋ ಎಂದಿತು. ಜಗಳೂರು ಬಸ್ಸಿಗೆ ಕಾಯುತ್ತಿದ್ದ ಒಬ್ಬರು ಬಸ್ಸು ಬಿಟ್ಟು, "ಏಳನೇದು ನನ್ನ ಪೊಟ್ಟಣದಾಗೆ ಚಟ್ನಿ ಮೆತ್ಕಂಡು ಕಾಣಾಕಿಲ್ಲ, ಇನ್ನೊಂದು ಮಂಡಕ್ಕಿ ಕೊಡು" ಅಂದರು. ಏಳನೆಯದನ್ನು ಮೇಷ್ಟ್ರು ಗಟ್ಟಿಯಾಗಿ ಕನ್ನಡದಲ್ಲಿ ಓದಿ ಹೇಳಿದಾಗ ನನ್ನ ಗಂಡನ ಮುಖ ಹಣ್ಣು ಮೆಣಸಿನಕಾಯಿಯ ಬಣ್ಣಕ್ಕೆ ಬಂತು.

ನಾನು ಬಿಡುತ್ತೇನೆಯೇ? "ರೀ! ವಾರವೆಲ್ಲ ದುಡಿದು ಬರೆದ ಹಾಳೆ! ನಾಳೆ ನನ್ನ ಕೆಲಸ ಹೋದ್ರೆ ನೀವೇ ಕಾರಣ! ಮಣೆ ಮೇಲಿದ್ದದ್ದನ್ನ ಪೊಟ್ಟಣ ಮಾಡಿದೀರಲ್ಲ, ಕಣ್ಣಿಗೆ ಏನಾಗಿತ್ತು?"

"ನಾನಾ? ನನಗೆ ಪೊಟ್ಟಣ ಸುತ್ತಾಕೆ ಎಲ್ಲಿ ಬರ್ತೈತೆ!" ಅವರು ಅದನ್ನು ಹೆಮ್ಮೆಯಿಂದಲೇ ಹೇಳಿದರು.

ಸರಿ, ಹಾಗಾದರೆ ಅತ್ತೆ! ಮನೆಗೆ ಹಿಂತಿರುಗಿ ಅತ್ತೆ ಅಜ್ಜಮ್ಮನವರ ಮುಂದೆ ನಿಂತೆ. "ಅತ್ತೆ, ಬೆಳಗ್ಗೆ ಆ ಹಾಳೆಗಳನ್ನ ಯಾರು ಸುತ್ತಿದ್ದು?"

ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಹೇಳಿದರು, "ಈ ಮನೇಲಿ ಪೊಟ್ಟಣ ಸುತ್ತೋರು ಎಷ್ಟು ಮಂದಿ ಅದಾರವ್ವ? ನೀನೇ ಕುಂತು ಸುತ್ತಿದೆ. ನಾನು ಕಣ್ಣಾರೆ ಕಂಡೆ. ನಿನ್ನ ಕಣ್ಣು ಮುಚ್ಚಿತ್ತು."

ನೆಲ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅದನ್ನೂ ಗುಡಿಸಿ ಒರೆಸುವ ಕೆಲಸ ನನ್ನದೇ ಆಗುತ್ತಿತ್ತು. ಕೈ ತನ್ನ ಕೆಲಸ ತಾನು ಮಾಡಿತ್ತು. ಕೈಗೆ ಸಿಕ್ಕಿದ ಹಾಳೆ, ಕೈಗೆ ಬಂದ ಪೊಟ್ಟಣ! ಒಂಬತ್ತು ವರ್ಷದಲ್ಲಿ ಅದು ನನ್ನನ್ನು ಒಮ್ಮೆಯೂ ಕೇಳಿರಲಿಲ್ಲ.

ಅಷ್ಟು ಹೊತ್ತಿಗೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ಹಜೀರಾ ಮೇಡಂ! ಕೈಯಲ್ಲಿ ಎಣ್ಣೆಯಾದ ಎಂಟು ಹಾಳೆ.

"ಶಿವಲೀಲಾ, ನಿಮ್ಮ ಪ್ರಶ್ನೆಪತ್ರಿಕೆ ನಾಷ್ಟಾ ಜೊತೆ ನಮ್ಮನೆಗೂ ಬಂತು."

"ಮೇಡಂ, ಅದು... ನನ್ನ ಕೈ..."

"ಕೇಳಿ ಇಲ್ಲಿ. ಎಂಟು ಜನ ಕೂತು ತುಂಬಿದ್ವಿ. ಮೂರನೇದಕ್ಕೆ ನಮ್ಮನೆ ಗಂಡಸರು ನಾಲ್ಕೂ ಜನ ಹಾರ್ಡ್ ಅಂತ ಬರೆದ್ರು. ಹೆಂಗಸರು ನಾಲ್ಕೂ ಜನ ಹಾರ್ಡ್ಲಿ. ಹೆಂಗಸರಿಗೆ ಪಾಠನೇ ಬೇಕಾಗಲಿಲ್ಲ ನೋಡಿ!" ಮೇಡಂ ನಕ್ಕರು. ಆಮೇಲೆ ಹತ್ತನೆಯ ವಾಕ್ಯದ ಮೇಲೆ ಬೆರಳಿಟ್ಟರು. "ಇದಕ್ಕೆ ಮಾತ್ರ ಏನು ತುಂಬೋದು ಅಂತ ಗೊತ್ತಾಗದೆ ಖಾಲಿ ಬಿಟ್ವಿ. ನಾಳೆ ಎಂಟೂವರೆಗೆ ನಲವತ್ತು ಹಾಳೆ ತನ್ನಿ. ಎಣ್ಣೆ ಇಲ್ಲದ್ದು. ಇನ್ನೊಬ್ಬರು ಡೆಮೊಗೆ ಹತ್ತಕ್ಕೆ ಬರ್ತಾರೆ, ನೀವು ಸೋತರೆ ಕೆಲಸ ಅವರಿಗೇ."

ಸೋಮವಾರ ನಾಲ್ಕಕ್ಕೆ ಎದ್ದೆ. ಒಂದು ಕಡೆ ಈರುಳ್ಳಿ ಬುಟ್ಟಿ, ಮೆಣಸಿನಕಾಯಿ, ರದ್ದಿ ಕಟ್ಟು. ಇನ್ನೊಂದು ಕಡೆ ನಲವತ್ತು ಬಿಳಿ ಹಾಳೆ. ಭಾನುವಾರ ಜೆರಾಕ್ಸ್ ಅಂಗಡಿಗೆ ರಜೆ, ನನಗೆ ಮಾತ್ರ ರಾತ್ರಿಯವರೆಗೂ ಗಾಡಿಯ ಕೆಲಸ; ಈ ಹೊತ್ತಿಗೂ ಯಾವ ಅಂಗಡಿಯೂ ತೆರೆದಿರುವುದಿಲ್ಲ. ಮನೆಯವರೆಲ್ಲ ಮಲಗಿದ್ದರು. ಈರುಳ್ಳಿ ಬುಟ್ಟಿಯನ್ನು ಕಾಲಿನಿಂದ ಆಚೆ ಸರಿಸಿ, ಮಣೆ ಮೇಲೆ ಕೂತು ಬರೆಯತೊಡಗಿದೆ.

ಆರಕ್ಕೆ ಗಂಡ ಎದ್ದು ಬಂದರು. "ಪೊಟ್ಟಣ?"

"ರದ್ದಿ ಅಲ್ಲೈತೆ. ಅತ್ತೆ ಹೇಳ್ಕೊಡ್ತಾರೆ."

ಅವರು ಸುತ್ತಿದ ಮೊದಲ ಪೊಟ್ಟಣದ ತಳದಿಂದ ಮಂಡಕ್ಕಿ ಜಲಪಾತದಂತೆ ಇಳಿಯಿತು. ಅತ್ತೆ, "ಲೋ ಹಾಲಸ್ವಾಮಿ, ತುದಿ ಮಡಚೋ!" ಎಂದು ಕೂಗುತ್ತಿದ್ದದ್ದು ಶಾಲೆಗೆ ಹೊರಟ ನನಗೆ ಬೀದಿಯ ತಿರುವಿನವರೆಗೂ ಕೇಳಿಸಿತು.

ಎಂಟೂವರೆಗೆ ತರಗತಿ. ನಲವತ್ತು ಮಕ್ಕಳು, ಹಿಂದಿನ ಬೆಂಚಿನಲ್ಲಿ ಹಜೀರಾ ಮೇಡಂ. ನಾನು ಮೇಜಿನ ಮೇಲೆ ಹಾಳೆಗಳನ್ನಿಟ್ಟು, ಎದೆ ಸೆಟೆಸಿ, ಹಾರ್ಡ್ ಮತ್ತು ಹಾರ್ಡ್ಲಿಯ ಅಂತರವನ್ನು ಬಣ್ಣಿಸತೊಡಗಿದೆ. ಮಾತು ಹರಿಯಿತು! ಮಕ್ಕಳು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ಆಹಾ, ನನ್ನ ಪಾಠವೇ, ಅಂದುಕೊಂಡೆ. ಅವರು ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ.

ಮೊದಲ ಬೆಂಚಿನ ಹುಡುಗಿ ಎದ್ದು ನಿಂತಳು. "ಮಿಸ್, ಮಂಡಕ್ಕಿ ಎಲ್ಲೈತೆ?"

ಕೆಳಗೆ ನೋಡಿದೆ. ಮೇಜಿನ ಮೇಲೆ ಆರು ಪೊಟ್ಟಣ ಸಾಲಾಗಿ ನಿಂತಿದ್ದವು. ಏಳನೆಯದು ಕೈಯಲ್ಲಿ ಅರ್ಧ ಸುತ್ತಿಕೊಂಡಿತ್ತು.

ಹಿಂದಿನ ಬೆಂಚಿನಲ್ಲಿ ಮೇಡಂ ಪೆನ್ನು ತೆಗೆದು ಏನೋ ಬರೆದುಕೊಂಡರು. 'ನಾನು ಡ್ಯಾಶ್ ತಪ್ಪು ಮಾಡುತ್ತೇನೆ' ಅನ್ನೋ ಹತ್ತನೆಯ ವಾಕ್ಯಕ್ಕೆ ಅವರಿಗೆ ಉತ್ತರ ಸಿಕ್ಕಿರಬೇಕು! ಪೊಟ್ಟಣ ಬಿಚ್ಚಿ, ಹಾಳೆ ನೀವಿ, ಏನೂ ಆಗಿಲ್ಲವೆಂಬಂತೆ ಪಾಠ ಮುಂದುವರಿಸಬಹುದಿತ್ತು. ಅತ್ತಿತ್ತ ನೋಡಿದೆ. ತಪ್ಪು ಹೊರಿಸೋಣವೆಂದರೆ ಗಂಡನೂ ಇರಲಿಲ್ಲ, ಅತ್ತೆಯೂ ಇರಲಿಲ್ಲ. ಏಳನೆಯದರ ತುದಿಯನ್ನು ಮಡಚಿ ಮುಗಿಸಿದೆ.

"ಗಂಡುಮಕ್ಕಳೆಲ್ಲ ಮುಂದೆ ಬನ್ರಪ್ಪ," ಅಂದೆ. "ಮೊದಲು ಪೊಟ್ಟಣ ಸುತ್ತೋದು ಕಲೀರಿ. ಹಾರ್ಡ್ ಅಂದ್ರೇನು ಅಂತ ಆಮೇಲೆ ನಾನು ಹೇಳಬೇಕಾಗೋದೇ ಇಲ್ಲ."