ಕಿಟಕಿಗೂ ಹಕ್ಕಿಗೂ ಹೂ ಕೇಳಿದ್ದು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಆಂಜನೇಯನ ಗುಡಿಯ ಪೂಜಾರಪ್ಪನವರು. ಇದು ನಿಮಗೆ ವಿಚಿತ್ರ ಅನ್ನಿಸಬಹುದು. ಏಕೆಂದರೆ ಕತೆ ನಡೆದಾಗ ನಾನೂ ಅಲ್ಲೇ ಇದ್ದೆ, ಮುಕ್ಕಾಲು ಪಾಲು ನನ್ನ ತಲೆಯ ಮೇಲೇ ನಡೆಯಿತು. ಆದರೆ ಒಳಗೆ ಸಿಕ್ಕಿಕೊಂಡವನಿಗೆ ನಗಲು ಪುರುಸೊತ್ತು ಎಲ್ಲಿರುತ್ತದೆ? ವರ್ಷವಾದ ಮೇಲೆ ಒಂದು ಶನಿವಾರ ಪೂಜಾರಪ್ಪನವರು ತೀರ್ಥ ಕೊಡುತ್ತಾ, ನಿನಗೆ ಒಂದು ವಿಷಯ ಹೇಳಿರಲಿಲ್ಲ ಎಂದು ಶುರು ಮಾಡಿದರು. ಅವರು ಮುಗಿಸುವಷ್ಟರಲ್ಲಿ ನನ್ನ ಅಂಗೈಯ ತೀರ್ಥವೆಲ್ಲ ಅಂಗಿಯ ಮೇಲಿತ್ತು.

ನಮ್ಮೂರು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಇಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಏನೇ ಹೊಸದು ಬರಲಿ, ಊರು ಎರಡು ಭಾಗವಾಗದೆ ಅದು ಒಳಗೆ ಬಂದದ್ದಿಲ್ಲ. ಸಾರಿಗೆ ಅವರೆಕಾಳು ಹಿತುಕಿ ಹಾಕಬೇಕೋ ಹಾಗೇ ಹಾಕಬೇಕೋ ಎಂಬುದರ ಮೇಲೆ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮಲ್ಲಿದ್ದಾರೆ. ಕಂಪ್ಯೂಟರು ಯಾವ ಲೆಕ್ಕ?

ಹೊಟ್ಟೆ ಖಾಲಿ

ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ ಹೊಸತು. ಶಿಡ್ಲಘಟ್ಟದ ರೇಷ್ಮೆ ಸಾಹುಕಾರರೊಬ್ಬರು ತಮಗೆ ಹೊಸ ಕಂಪ್ಯೂಟರು ತಂದುಕೊಂಡು, ಹಳೆಯದನ್ನು ನಮ್ಮ ಭಜನೆ ಮನೆಗೆ ಕೊಟ್ಟರು. ನಾನು ಹಾಲಿನ ಡೈರಿಗೂ ಕಾರ್ಯದರ್ಶಿ, ಭಜನೆ ಮಂಡಳಿಗೂ ಕಾರ್ಯದರ್ಶಿ. ಓದಿದ್ದು ಊರ ಶಾಲೆಯಲ್ಲಿ ಏಳನೇ ಕ್ಲಾಸು. ಆದರೂ ಯಂತ್ರ ನನ್ನ ಪಾಲಿಗೆ ಬಂತು. ಭಜನೆ ಮನೆಯ ಬೀಗದ ಕೈ ನನ್ನ ಉಡಿದಾರದಲ್ಲಿತ್ತು ಎಂಬುದೊಂದೇ ಕಾರಣ.

ಅದರಿಂದ ಆಗಬೇಕಿದ್ದ ಕೆಲಸವೂ ಒಂದೇ. ನಮ್ಮ ಮಂಡಳಿಯ ಹಿರಿಯರು ಎಂಬತ್ತು ದಾಟಿದ ಭಜನೆ ತಾತ. ಅವರ ತಂದೆ ಬರೆದಿಟ್ಟ ನಲವತ್ತು ಭಜನೆ ಪದಗಳ ಪುಸ್ತಕವೊಂದಿತ್ತು, ಕನ್ನಡ ತೆಲುಗು ಎರಡೂ ಕಲೆತದ್ದು. ಗೆದ್ದಲು ಅದನ್ನು ನಡುಭಾಗದಿಂದ ತಿನ್ನುತ್ತಾ ಬಂದಿತ್ತು. ತಾತ ಕನ್ನಡಕ ಏರಿಸಿ, ಪುಸ್ತಕ ಬಿಡಿಸಿಕೊಂಡು, ಗೆದ್ದಲಿನ ತೂತು ಬಂದ ಕಡೆಯೂ ನಿಲ್ಲದೆ ಹಾಡಿಕೊಂಡು ಹೋಗುತ್ತಿದ್ದರು. ಭಕ್ತಿ ಎಂದರೆ ಇದು ಎಂದು ನಾವು ಕೈಮುಗಿಯುತ್ತಿದ್ದೆವು.

"ಇವು ನನ್ ಜೊತೆ ಮಣ್ಣಿಗೆ ಹೋಗ್ಬಾರ್ದಪ್ಪ. ಗುರು ಪೂರ್ಣಿಮೆಗೆ ಪುಸ್ತಕ ಮಾಡಿ ಕೈವಾರದ ಮಠದಾಗೆ ಗುರುವಿನ ಮುಂದೆ ಇಡ್ಬೇಕು. ಆಮೇಲೆ ನಾನು ಹೋದ್ರೂ ಚಿಂತೆ ಇಲ್ಲ," ಎಂದಿದ್ದರು ತಾತ. ಐದು ತಿಂಗಳು ಇತ್ತು.

ಸಾಹುಕಾರರು ಯಂತ್ರದೊಳಗಿದ್ದುದನ್ನೆಲ್ಲ ಅಳಿಸಿ ಕಳಿಸಿದ್ದರು. ಸ್ವಿಚ್ಚು ಹಾಕಿದರೆ ಕಪ್ಪು ಪರದೆ, ಅದರಲ್ಲಿ ಒಂದು ಬಿಳಿ ಗೆರೆ ಕಣ್ಣು ಮಿಟುಕಿಸುತ್ತಿತ್ತು, ಅಷ್ಟೇ. ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಬಂದು ನೋಡಿದರು. ಗೌರಿಬಿದನೂರು ಕಡೆಯವರು, ತಿಳಿದವರು. ಇದರ ಹೊಟ್ಟೆ ಖಾಲಿ ಇದೆ, ಆಪರೇಟಿಂಗ್ ಸಿಸ್ಟಂ ಹಾಕಬೇಕು ಎಂದರು. ಹಾಗಂದರೇನು ಎಂದು ತಾತ ಕೇಳಿದರು. ಊರಿಗೆ ಪಂಚಾಯ್ತಿ ಇದ್ದ ಹಾಗೆ, ನೀರು ಯಾರಿಗೆ, ದೀಪ ಎಲ್ಲಿಗೆ, ಯಾರು ಮೊದಲು, ಯಾರು ಆಮೇಲೆ, ಎಲ್ಲಾ ಅದೇ ಹೇಳುವುದು, ಅದಿಲ್ಲದಿದ್ದರೆ ಏನೂ ನಡೆಯುವುದಿಲ್ಲ ಎಂದು ಮೇಷ್ಟ್ರು ಬಿಡಿಸಿ ಹೇಳಿದರು.

ತಾತ ಯಂತ್ರದ ಕಪ್ಪು ಪರದೆಯನ್ನು ಬಗ್ಗಿ ನೋಡಿದರು. "ನಮ್ಮೂರಾಗೆ ಅದು ಇದ್ದೂ ನಡೀತಿಲ್ವಲ್ಲಪ್ಪ," ಎಂದರು.

ಎರಡು ಗುರುತು

ಮೇಷ್ಟ್ರು ತಂದದ್ದು ಲಿನಕ್ಸ್. ಅದರ ಗುರುತು ಒಂದು ಹಕ್ಕಿ, ಕಪ್ಪು ಬಿಳುಪಿನದು, ಹೊಟ್ಟೆ ತುಂಬ ಉಂಡು ಕುಳಿತಂತೆ ಕುಳಿತಿರುತ್ತದೆ. ಅಷ್ಟರಲ್ಲಿ ವಿಷಯ ಚಿಂತಾಮಣಿಗೆ ಮುಟ್ಟಿತು. ಅಲ್ಲಿ ನನ್ನ ಹೆಂಡತಿಯ ತಮ್ಮ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಮಾರನೆಯ ದಿನವೇ ಬಸ್ಸು ಹತ್ತಿ ಬಂದ. "ಭಾವ, ತಾಲೂಕಾಫೀಸು, ಪ್ರೆಸ್ಸು, ಎಲ್ಲಿ ನೋಡಿದ್ರೂ ವಿಂಡೋಸು. ನಿಮ್ಗ್ಯಾಕೆ ಊರಿಗಿಲ್ಲದ ಹಕ್ಕಿ?" ಎಂದ. ಅವನದರ ಗುರುತು ಬಣ್ಣದ ಕಿಟಕಿ.

ಒಂದು ಕಡೆ ಕಿಟಕಿ, ಇನ್ನೊಂದು ಕಡೆ ಹಕ್ಕಿ. ಬೆಳಗ್ಗೆ ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತ ಜನ ಇದನ್ನು ಚುನಾವಣೆ ಎಂದೇ ತಿಳಿದರು. ಇಬ್ಬರೂ ಅಲ್ಲಿಗೇ ಬಂದು ಪ್ರಚಾರ ಮಾಡಿದ್ದರಿಂದ ಅವರ ತಪ್ಪೂ ಇಲ್ಲ. ಹಕ್ಕಿ ಪುಕ್ಕಟೆ, ಯಾರು ಬೇಕಾದರೂ ಒಳಗೆ ಬಿಚ್ಚಿ ನೋಡಬಹುದು ಎಂದು ಮೇಷ್ಟ್ರು ಹೇಳಿದರು. ಸಾಲಿನಲ್ಲಿದ್ದ ಒಬ್ಬ ಅಜ್ಜಿ, ಪುಕ್ಕಟೆ ಕೊಟ್ಟವರು ಗೆದ್ದ ಮೇಲೆ ಈ ಕಡೆ ತಲೆ ಹಾಕುವುದಿಲ್ಲ, ನಾನು ಕಂಡಿದ್ದೇನೆ ಎಂದಳು. ನನ್ನ ಭಾವಮೈದುನ ಹಿಗ್ಗಿ, ಕೇಳಿಸಿಕೊಳ್ಳಿ ಎಂದ. ಅಜ್ಜಿ ಅವನ ಕಡೆಗೂ ತಿರುಗಿದಳು. ಕಿಟಕಿ ಎಷ್ಟು ಚೆನ್ನಾಗಿದ್ದರೇನು, ಬಾಗಿಲು ಎಲ್ಲಿ ಎಂದು ಕೇಳಿದಳು.

ಬಿಚ್ಚಿ ನೋಡುವ ಮಾತಿಗೆ ಒಪ್ಪದವರು ಹಲವರು. "ಎಮ್ಮೆ ತರೋವಾಗ ಹಲ್ಲು ನೋಡ್ತೀವಿ, ಕೆಚ್ಚಲು ನೋಡ್ತೀವಿ. ಹೊಟ್ಟೆ ಬಿಚ್ಚಿ ನೋಡ್ತೀವೇನ್ ಮೇಷ್ಟ್ರೇ?" ಎಂದು ಕ್ಯಾನು ಇಳಿಸುತ್ತಾ ಒಬ್ಬ ಕೇಳಿದ.

ಮೇಷ್ಟ್ರು ವಿಜ್ಞಾನದವರು, ಎಮ್ಮೆಯ ವಿಚಾರ ತಿಳಿಯದು. ಪ್ರಾರ್ಥನೆಗೆ ಹೊತ್ತಾಯಿತೆಂದು ಶಾಲೆಗೆ ಹೋದರು. ಭಾನುವಾರವಾಗಿತ್ತು.

ಹಬ್ಬದ ದಿನದ ಉಪಕಾರ

ಊರಲ್ಲೇ ಇದ್ದವರು ಮೇಷ್ಟ್ರು. ಆದ್ದರಿಂದ ಮೊದಲು ಹಕ್ಕಿ ಕುಳಿತಿತು. ತಾತ ಒಂದು ಸಾಲು ಹಾಡುವರು, ನಾನು ಒಂದು ಬೆರಳಿನಲ್ಲಿ ಅಕ್ಷರ ಹುಡುಕಿ ಒತ್ತುವೆನು. 'ಜ್ಞಾನ' ಎಂಬುದರ ಅಕ್ಷರ ಹುಡುಕುವಷ್ಟರಲ್ಲಿ ತಾತ ಒಂದು ನಿದ್ದೆ ತೆಗೆಯುತ್ತಿದ್ದರು. ಹಾಗಿದ್ದೂ ಯುಗಾದಿಯ ಹೊತ್ತಿಗೆ ಹದಿನೆಂಟು ಪದ ಮುಗಿಸಿದೆವು.

ಯುಗಾದಿಗೆ ಭಾವಮೈದುನ ಬಂದ. ನಾನು ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೋದೆ. ಎಣ್ಣೆಸ್ನಾನ, ಸಂಧ್ಯೆ, ಪೂಜೆ, ನನ್ನದು ಸ್ವಲ್ಪ ನಿಧಾನ. ಮುಗಿಸಿ ಬರುವಷ್ಟರಲ್ಲಿ ಅವನು ಹೋಳಿಗೆ ತಿಂದು, ನಾನು ಸ್ನಾನಕ್ಕೆ ಬಿಚ್ಚಿಟ್ಟಿದ್ದ ಬೀಗದ ಕೈ ತೆಗೆದುಕೊಂಡು ಹೋಗಿ, ಭಜನೆ ಮನೆಯ ಯಂತ್ರವನ್ನು ಒರೆಸಿ ಕಿಟಕಿ ಹಾಕಿ ಬಂದಿದ್ದ. "ಭಾವ, ನಿಮ್ಗೆ ಸುಲಭ ಆಗ್ಲಿ ಅಂತ ಎಲ್ಲಾ ಕ್ಲೀನ್ ಮಾಡಿದೀನಿ," ಎಂದ.

ಪದಗಳೆಲ್ಲಿ ಎಂದೆ. ಯಾವ ಪದ ಎಂದ.

ಹಬ್ಬದ ದಿನ, ದೇವರ ಮುಂದೆ ಉಟ್ಟ ಮಡಿಯಲ್ಲಿ ನಿಂತಿದ್ದೇನೆ, ಬೈಯುವ ಹಾಗೂ ಇಲ್ಲ. ಹೆಂಡತಿಯ ಮುಖ ನೋಡಿದೆ. "ಪಾಪ, ಉಂಡು ಸುಮ್ನೆ ಮಲಗ್ದೆ ನಿಮ್ ಕೆಲ್ಸ ಮಾಡ್ಕೊಟ್ಟಿದಾನೆ, ಇನ್ನೊಂದು ಹೋಳಿಗೆ ಹಾಕ್ಲೇನೋ?" ಎಂದು ತಮ್ಮನಿಗೇ ತುಪ್ಪ ಬಡಿಸಿದಳು.

ತಾತನ ಮುಂದೆ ಹೋಗಿ ತಲೆ ತಗ್ಗಿಸಿ ನಿಂತೆ. ಅವರು, ಹೋಗಲಿ ಬಿಡಪ್ಪ, ಮತ್ತೆ ಹಾಡುತ್ತೇನೆ ಎಂದರು. ಉಸಿರು ಮೊದಲಿನಂತಿರಲಿಲ್ಲ. ಚರಣಕ್ಕೊಂದು ಸಲ ನಿಲ್ಲುತ್ತಿದ್ದರು. ಪೂರ್ಣಿಮೆಗೆ ಮೂರು ತಿಂಗಳು ಉಳಿದಿತ್ತು. ಆವತ್ತು ನನಗೆ ಕಿಟಕಿಯೂ ಬೇಡ, ಹಕ್ಕಿಯೂ ಬೇಡ ಎನಿಸಿತು.

ಬಲಗಡೆ ಯಾರದು

ಸೋಮವಾರ ಮೇಷ್ಟ್ರು ವಿಷಯ ತಿಳಿದು ಕೆಂಡವಾದರು. ತಿರುಗಿ ಹಕ್ಕಿ ಹಾಕುತ್ತೇನೆ ಎಂದು ಅವರು, ಹಾಕಿದರೆ ತಿರುಗಿ ಒರೆಸುತ್ತೇನೆ ಎಂದು ನನ್ನ ಭಾವಮೈದುನ. ಕೊನೆಗೆ ತಾತನೇ, ಸ್ವಾಮಿಯನ್ನು ಹೂ ಕೇಳೋಣ ಎಂದರು.

ನಮ್ಮ ಕಡೆ ಹೆಣ್ಣು ತರುವುದಿರಲಿ, ಬಾವಿ ತೋಡುವುದಿರಲಿ, ಮನಸ್ಸು ಗಟ್ಟಿಯಾಗದಿದ್ದರೆ ಹೂ ಕೇಳುವುದು ರೂಢಿ. ಸ್ವಾಮಿಯ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸುತ್ತಾರೆ. ಯಾವ ಕಡೆಯದು ಮೊದಲು ಉದುರಿತೋ ಅದೇ ಅಪ್ಪಣೆ. ಬಲಗಡೆಯದು ಶುಭ. ಅಲ್ಲೇ ತಕರಾರು ಹತ್ತಿತು, ಬಲಗಡೆ ಯಾರಿಗೆ ಎಂದು. ಅರ್ಧ ಗಂಟೆ ವಾದವಾಗಿ ಕಡೆಗೆ ಮೇಷ್ಟ್ರು ಬಲಗಡೆಯನ್ನು ಗೆದ್ದರು. ಆಗ ಪೂಜಾರಪ್ಪನವರು, ನಿಮ್ಮ ಬಲವೋ ಸ್ವಾಮಿಯ ಬಲವೋ ಎಂದು ಕೇಳಿದರು. ಇನ್ನೂ ಅರ್ಧ ಗಂಟೆ ಹೋಯಿತು.

ಅಂತೂ ಹೂ ಇಟ್ಟರು. ಊರೆಲ್ಲ ಉಸಿರು ಬಿಗಿಹಿಡಿದು ನಿಂತಿತು. ಹೂ ಕೇಳುವುದು ಮೌಢ್ಯ ಎಂದು ಶಾಲೆಯಲ್ಲಿ ಪಾಠ ಮಾಡಿದ್ದ ಮೇಷ್ಟ್ರು ಎಲ್ಲರಿಗಿಂತ ಮುಂದೆ ನಿಂತು ಕಣ್ಣುಮುಚ್ಚಿ ಕೈಮುಗಿದಿದ್ದರು. ಪೂಜಾರಪ್ಪನವರು ಗಂಟೆ ಬಾರಿಸಿದರು. ಒಂದೇ ಪೆಟ್ಟಿಗೆ, ಎರಡು ಭುಜದ ಹೂವೂ ಒಟ್ಟಿಗೆ ಬಿದ್ದವು.

ಅಂಥದ್ದನ್ನು ಊರು ಹಿಂದೆ ಕಂಡಿರಲಿಲ್ಲ. ಎರಡೂ ಇರಲಿ ಎಂದು ಸ್ವಾಮಿಯ ಅಪ್ಪಣೆಯಾಯಿತೆಂದು ಹೆಂಗಸರು ಕೆನ್ನೆ ತಟ್ಟಿಕೊಂಡರು. ನನ್ನ ಕಣ್ಣಲ್ಲೂ ನೀರು ಬಂತು.

ವರ್ಷದ ಮೇಲೆ ಪೂಜಾರಪ್ಪನವರು ತೀರ್ಥ ಕೊಡುತ್ತಾ ನನಗೆ ಹೇಳಿದ್ದು ಇದರ ಗುಟ್ಟು. ಹಿಂದಿನ ಸಂಜೆ ಭಾವಮೈದುನ ಒಂದು ಚಿಪ್ಪು ಬಾಳೆಹಣ್ಣು ತಂದು, ನನ್ನ ಕಡೆಯ ಹೂ ಸ್ವಲ್ಪ ಸಡಿಲ ಇಡಿ ಎಂದು ಬೇಡಿಕೊಂಡಿದ್ದನಂತೆ. ಅವನು ಹೋದ ಗಳಿಗೆಗೆ ಮೇಷ್ಟ್ರು ಬಂದರಂತೆ. "ಇಬ್ರಿಗೂ ಆಗ್ಲಿ ಅಂದೆ ಕಣಯ್ಯ. ಕೊಟ್ಟ ಮಾತಿಗೆ ತಪ್ಪಬಾರ್ದಲ್ಲ," ಎಂದರು ಪೂಜಾರಪ್ಪನವರು. ಮೇಷ್ಟ್ರು ಏನು ತಂದಿದ್ದರು ಎಂದು ಕೇಳಿದೆ. "ಎರಡು ಚಿಪ್ಪು," ಎಂದರು.

ಹತ್ತು ಎಣಿಸುವ ಪೆಟ್ಟಿಗೆ

ಸ್ವಾಮಿಯ ಅಪ್ಪಣೆಯಂತೆ ಒಂದೇ ಯಂತ್ರದಲ್ಲಿ ಎರಡನ್ನೂ ಹಾಕಿದರು. ಸ್ವಿಚ್ಚು ಹಾಕಿದರೆ ಪರದೆಯ ಮೇಲೆ ಎರಡರ ಹೆಸರೂ ಬಂದು, ಯಾವುದು ಬೇಕು ಎಂದು ಅದೇ ಕೇಳುತ್ತಿತ್ತು. ಹತ್ತು ಎಣಿಸುವವರೆಗೆ ಕಾಯುವುದು. ಅಷ್ಟರಲ್ಲಿ ಹೇಳದಿದ್ದರೆ ತಾನಾಗಿ ಹಕ್ಕಿಯ ಕಡೆ ಹೋಗುವುದು. ಆ ಪಟ್ಟಿಯಲ್ಲಿ ಹಕ್ಕಿಯನ್ನು ಮೊದಲು ಬರೆದವರು ಮೇಷ್ಟ್ರು.

ಇದನ್ನು ನೋಡಲು ಬಂದ ನನ್ನ ಹೆಂಡತಿಗೆ ಬಹಳ ಮೆಚ್ಚುಗೆಯಾಯಿತು. "ಬೆಳಗ್ಗೆ ತಿಂಡಿಗೆ ಏನ್ರೀ ಮಾಡ್ಲಿ ಅಂತ ಕೇಳಿದ್ರೆ ನೀವು ಮಧ್ಯಾಹ್ನಕ್ಕೆ ಹೇಳ್ತೀರಿ. ಈ ಪೆಟ್ಟಿಗೆ ವಾಸಿ. ಹತ್ತು ಎಣ್ಸುತ್ತೆ, ತನ್ ಕೆಲ್ಸ ತಾನು ನೋಡ್ಕೊಳುತ್ತೆ," ಎಂದಳು. ಮಾರನೆಯ ದಿನದಿಂದ ನಮ್ಮ ಮನೆಯಲ್ಲೂ ಹತ್ತು ಎಣಿಸಿ ಉಪ್ಪಿಟ್ಟು ಮಾಡತೊಡಗಿದಳು.

ಅವಳು ಹೇಳಿದ್ದು ಸುಳ್ಳಲ್ಲ. ನಾನು ಕನ್ನಡಕ ಹುಡುಕಿ ಮೂಗಿಗೆ ಏರಿಸುವಷ್ಟರಲ್ಲಿ ಹತ್ತು ಮುಗಿದಿರುತ್ತಿತ್ತು. ಕನ್ನಡಕ ಮೊದಲೇ ಹಾಕಿಕೊಂಡ ದಿನ ಕಿಟಕಿಯಲ್ಲಿ ಬರೆದೆ, ಮರೆತ ದಿನ ಹಕ್ಕಿಯಲ್ಲಿ ಬರೆದೆ. ಮುಗಿದಾಗ ನೋಡಿದರೆ ಇಪ್ಪತ್ತು ಪದ ಅದರಲ್ಲಿ, ಇಪ್ಪತ್ತು ಪದ ಇದರಲ್ಲಿ. ಸ್ವಾಮಿಯೇ ಸಮನಾಗಿ ಹಂಚಿದನೆಂದುಕೊಂಡೆ.

ಕೈವಾರದಲ್ಲಿ

ಕಿಟಕಿಯ ಇಪ್ಪತ್ತು ಮೊದಲು, ಹಕ್ಕಿಯ ಇಪ್ಪತ್ತು ಆಮೇಲೆ ಎಂದು ಸರದಿ ಮಾಡಿ, ಅದನ್ನು ತಾತನಿಗೂ ಹೇಳಿ, ಎಲ್ಲವನ್ನೂ ಒಂದೇ ಸಿ.ಡಿ.ಗೆ ಹಾಕಿ ಶಿಡ್ಲಘಟ್ಟದ ಒಂದು ಪ್ರೆಸ್ಸಿಗೆ ಕೊಟ್ಟೆವು. ಪೂರ್ಣಿಮೆಯ ಬೆಳಗ್ಗೆ ಪುಸ್ತಕದ ಕಟ್ಟು ಬಸ್ಸಿನಲ್ಲಿ ಬಂತು. ಅದನ್ನು ಬಿಚ್ಚದೆ ಹಾಗೇ ಹೊತ್ತು ಕೈವಾರಕ್ಕೆ ಹೋದೆವು. ಅಲ್ಲಿ ತಾತ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಬಂದು ಕುಳಿತ ಮೇಲೆ, ನಾನು ದಾರ ಬಿಚ್ಚಿದೆ.

ಮೊದಲ ಇಪ್ಪತ್ತು ಪದ ಚಿನ್ನದ ಹಾಗಿದ್ದವು. ಆಮೇಲಿನ ಪುಟಗಳಲ್ಲಿ ಕನ್ನಡವೂ ಇಲ್ಲ, ತೆಲುಗೂ ಇಲ್ಲ. ಚೌಕ, ಚುಕ್ಕಿ, ಪ್ರಶ್ನೆಯ ಗುರುತು, ಕುದುರೆ ಲಾಳದಂಥ ಗೆರೆ. ಹಕ್ಕಿಯಲ್ಲಿ ಬರೆದ ಅಕ್ಷರದ ಪರಿಚಯ ಪ್ರೆಸ್ಸಿನ ಯಂತ್ರಕ್ಕೆ ಇರಲಿಲ್ಲ.

ಕಾಯಿನ್ ಬೂತಿನಿಂದ ಪ್ರೆಸ್ಸಿಗೆ ಫೋನು ಮಾಡಿದೆ. ಅಚ್ಚು ಹಾಕುವಾಗ ನೋಡಲಿಲ್ಲವೇನಯ್ಯ ಎಂದೆ. ಅವನು ಬಹಳ ವಿನಯದಿಂದ ಹೇಳಿದ: "ನೋಡ್ದೆ ಸ್ವಾಮಿ. ಅರ್ಧ ಕನ್ನಡ, ಅರ್ಧ ತೆಲುಗು ಅಂತ ನೀವೇ ಹೇಳಿದ್ರಲ್ಲ. ಹಳೇ ಕಾಲದ ತೆಲುಗು ಇರ್ಬೇಕು ಅಂತ ಕೈಮುಗ್ದು ಅಚ್ಚು ಹಾಕ್ದೆ."

ನಾನು ತಿರುಗಿ ಬರುವಷ್ಟರಲ್ಲಿ ಮೇಷ್ಟ್ರೂ ಭಾವಮೈದುನನೂ ಕಂಬದ ಮರೆಯಲ್ಲಿ ನಿಂತು, ತಪ್ಪು ನಿಮ್ಮದು, ತಪ್ಪು ನಿಮ್ಮದು ಎಂದು ಪಿಸುಗುಟ್ಟುತ್ತಿದ್ದರು. ತಾತನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮೂಲ ಯಂತ್ರದಲ್ಲಿತ್ತು, ಆದರೆ ಈ ಪೂರ್ಣಿಮೆಗೆ ಇಪ್ಪತ್ತು ಪದ ಕೈಬಿಟ್ಟಿದ್ದವು. ಇನ್ನೊಂದು ಪೂರ್ಣಿಮೆಯವರೆಗೆ ತಾಳುವ ಶಕ್ತಿ ಅವರಲ್ಲಿ ಉಳಿದಿದೆಯೋ ಇಲ್ಲವೋ ತಿಳಿಯದು.

ಅಷ್ಟರಲ್ಲಿ ತಾತ ಕನ್ನಡಕ ಏರಿಸಿ ಪುಸ್ತಕ ತೆರೆದೇಬಿಟ್ಟರು. ಮೊದಲ ಇಪ್ಪತ್ತನ್ನು ಹಾಡಿದರು. ಪುಟ ಮಗುಚಿದರು. ನಾನು ಕಣ್ಣು ಮುಚ್ಚಿಕೊಂಡೆ. ಹಾಡು ನಿಲ್ಲಲಿಲ್ಲ. ಕಣ್ಣು ಬಿಟ್ಟು ನೋಡಿದರೆ, ತಾತ ಆ ಚೌಕ ಚುಕ್ಕಿಗಳ ಮೇಲೆ ಬೆರಳು ಆಡಿಸುತ್ತಾ, ಒಂದಕ್ಷರ ತಪ್ಪದೆ, ಇಪ್ಪತ್ತೊಂದನೆಯ ಪದ ಹಾಡುತ್ತಿದ್ದಾರೆ.

ಮೊದಲು ಎಚ್ಚೆತ್ತವನು ನನ್ನ ಭಾವಮೈದುನ. ಓಡಿ ಬಂದು ನನ್ನ ಜೇಬಿನಿಂದ ಡೈರಿಯ ಪೆನ್ನು ಕಿತ್ತುಕೊಂಡು ತಾತನ ಪಕ್ಕ ಕುಳಿತ. ಇನ್ನೊಂದು ಪಕ್ಕದಲ್ಲಿ ಮೇಷ್ಟ್ರು ಕುಳಿತು, ಪುಸ್ತಕದ ಇನ್ನೊಂದು ಪ್ರತಿ ಹಿಡಿದರು. ಇವನು ಬರೆಯುವುದು, ಕೈ ಸೋತಾಗ ಅವರು ಬರೆಯುವುದು, ಆ ಚೌಕಗಳ ಸಾಲಿನ ನಡುವಿನ ಜಾಗದಲ್ಲೇ. ಮಂಗಳಾರತಿಯ ಹೊತ್ತಿಗೆ ಇಪ್ಪತ್ತೂ ಪದ ಇಳಿದಿದ್ದವು. ಐದು ತಿಂಗಳಲ್ಲಿ ಆ ಇಬ್ಬರೂ ಒಪ್ಪಿಕೊಂಡದ್ದು ಆ ಪೆನ್ನೊಂದನ್ನೇ.

ತಾತ ಆ ಬರೆದ ಪ್ರತಿಯನ್ನು ಗುರುವಿನ ಮುಂದೆ ಇಟ್ಟು ನಮಸ್ಕಾರ ಮಾಡಿ ಬಂದರು. ಭಾವಮೈದುನ ತಡೆಯಲಾರದೆ, ಆ ಚೌಕ ಚುಕ್ಕಿಗಳನ್ನು ಹೇಗೆ ಓದಿದಿರಿ ಎಂದು ಕೇಳಿದ.

"ಓದೋದೇನ್ ಬಂತಪ್ಪ, ನಾನು ಅಕ್ಷರ ಕಲ್ತೋನಲ್ಲ," ಎಂದರು ತಾತ. "ನಮ್ಮಪ್ಪ ಪುಸ್ತಕ ಹಿಡ್ಕೊಂಡು ಹಾಡ್ತಿದ್ರು, ನಾನೂ ಹಿಡ್ಕೊಂಡೆ."

ಗೆದ್ದಲಿನ ತೂತಿಗೆ ನಾವು ಮುಗಿದ ಕೈಗಳೆಲ್ಲ ನೆನಪಿಗೆ ಬಂದವು. ತಾತ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡು ಹೇಳಿದರು: "ಆದ್ರೂ ಒಂದ್ ಮಾತು. ಆ ಕೊನೇ ಇಪ್ಪತ್ತು ಐತಲ್ಲ, ಅದರ ಅಚ್ಚಿನ ಅಕ್ಷರ ಮೊದಲಿನದಕ್ಕಿಂತ ಬಲು ಲಕ್ಷಣವಾಗೈತೆ."

ಮೇಷ್ಟ್ರು ಮೆಲ್ಲಗೆ ನನ್ನ ಭಾವಮೈದುನನ ಕಡೆ ತಿರುಗಿ, "ಕೇಳಿಸ್ತಾ?" ಎಂದರು.

ಇದಿಷ್ಟು ನಡೆದದ್ದು. ಕೇಳಿದವರು ಇನ್ನೊಬ್ಬರಿಗೆ ಹೇಳಿ, ಅವರೂ ಮತ್ತೊಬ್ಬರಿಗೆ ದಾಟಿಸಲಿ, ತಾತನ ಆತ್ಮಕ್ಕೂ ನಗು ಬರಲಿ. ಆದರೆ ದಯವಿಟ್ಟು ಬಾಯಲ್ಲೇ ಹೇಳಿ. ಟೈಪು ಮಾಡಿ ಕಳಿಸಿದರೆ ಆ ಕಡೆ ಏನಾಗಿ ಮುಟ್ಟುತ್ತದೋ, ಅದಕ್ಕೆ ನಾನು ಹೊಣೆಯಲ್ಲ.